ಸಾಲಿನ ಸರದಿ

ಅಪ್ಪ ಅಂಗಡಿಯ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದ ಕ್ಯಾಲ್ಕುಲೇಟರ್ ಈಗ ನನ್ನ ಮೇಜಿನ ಖಾನೆಯಲ್ಲಿದೆ. ನೇರವಾಗಿ ನೋಡಿದರೆ ಅಂಕಿಗಳು ಸ್ಪಷ್ಟ. ಸ್ವಲ್ಪ ಓರೆಯಾಗಿ ಹಿಡಿದರೆ ಮಾತ್ರ ‘1’ರ ಹಿಂದೆ ಮಸುಕಾದ ‘8’ ಒಂದು ನಿಂತಿರುವುದು ಕಾಣುತ್ತದೆ. ಉರಿಯಬಾರದ ಗೆರೆಗಳೂ ಅರ್ಧಂಬರ್ಧ ಎಚ್ಚರಾಗಿರುತ್ತವೆ. ಹುಡುಗನಾಗಿದ್ದಾಗ ಇದನ್ನು ಶೆಲ್ಲು ಮುಗಿಯುತ್ತಿರುವ ಲಕ್ಷಣ ಎಂದುಕೊಂಡಿದ್ದೆ. ಹೊಸ ಶೆಲ್ಲು ಹಾಕಿದರೆ ಆ ನೆರಳು ಇನ್ನೂ ಗಾಢವಾಗುತ್ತಿತ್ತು! ಅದು ದೋಷವಲ್ಲ, ಒಂದು ಗಣಿತದ ನಿಯಮದ ಗುರುತು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ನಿಯಮದೊಂದಿಗೆ ನಡೆದ ಗುದ್ದಾಟದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ನಮ್ಮಲ್ಲಿ ಆ ಪಾಲಿನ ಬಗ್ಗೆ ಮಾತಾಡಿದ್ದು ಕಡಿಮೆ.

ಚಪ್ಪಟೆ ಪರದೆಯ ಮೊದಲ ತೊಂದರೆ ತಂತಿಯದು. 1920 ಅಡ್ಡ, 1080 ಉದ್ದದ ಇವತ್ತಿನ ಸಾಧಾರಣ ಟಿವಿ ಪರದೆಯನ್ನೇ ತೆಗೆದುಕೊಳ್ಳಿ. ಕೆಂಪು, ಹಸಿರು, ನೀಲಿ ಎಂದು ಬಿಡಿಸಿ ಎಣಿಸಿದರೆ ಅದರಲ್ಲಿ 62 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿವೆ. ಒಂದೊಂದಕ್ಕೂ ಒಂದು ತಂತಿ ಎಳೆಯಲು ಸಾಧ್ಯವಿಲ್ಲ. ಅದಕ್ಕೇ ಅಡ್ಡಕ್ಕೆ ಸಾಲುಗಳು, ಉದ್ದಕ್ಕೆ ಕಂಬಸಾಲುಗಳು. ಅವು ದಾಟುವ ಜಾಗದಲ್ಲಿ ಚುಕ್ಕೆ. ಆಗ ಏಳು ಸಾವಿರಕ್ಕೂ ಕಡಿಮೆ ತಂತಿಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಲ್ಲ ಸಾಲುಗಳಿಗೂ ಒಮ್ಮೆಲೇ ಅಪ್ಪಣೆ ಕೊಡಲಾಗದು. ಒಂದು ಸಾಲನ್ನು ಎಚ್ಚರಿಸಿ, ಅದರ ಚುಕ್ಕೆಗಳಿಗೆ ಬೇಕಾದ್ದನ್ನು ಕಂಬಸಾಲುಗಳಿಂದ ಕಳಿಸಿ, ಅದನ್ನು ಮಲಗಿಸಿ, ಮುಂದಿನದನ್ನು ಎಬ್ಬಿಸಬೇಕು.

ಹಳೇ ಮೈಸೂರಿನ ಕೆರೆ ಬಯಲಿನಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸ ಇದೇ. ನೀರು ಒಂದೇ, ಗದ್ದೆ ಹಲವು. ಸರದಿಯಂತೆ ಒಂದೊಂದು ಗದ್ದೆಯ ಬಾಯಿ ಬಿಡಿಸಿ, ತುಂಬಿಸಿ, ಮುಚ್ಚಿ ಮುಂದಕ್ಕೆ ಹೋಗಬೇಕು. ಕೊನೆಯ ಗದ್ದೆ ಮುಗಿಯುವಷ್ಟರಲ್ಲಿ ಮೊದಲನೆಯದು ಒಣಗಿರಬಾರದು. ಪರದೆಯ ಅಂಚಿನಲ್ಲಿ ಕೂತು ಸಾಲುಗಳನ್ನು ಎಬ್ಬಿಸುವ ಮಂಡಲವನ್ನು ಎಂಜಿನಿಯರುಗಳು ಸ್ಕ್ಯಾನ್ ಡ್ರೈವರ್ ಎನ್ನುತ್ತಾರೆ. ನನಗಂತೂ ಅದು ನೀರುಗಂಟಿಯೇ.

ದ್ರವಸ್ಫಟಿಕದಿಂದ ಪರದೆ ಮಾಡಬಹುದೆಂದು ಅಮೆರಿಕದ ಆರ್‌ಸಿಎ ಕಂಪನಿ ಪತ್ರಕರ್ತರನ್ನು ಕರೆದು ತೋರಿಸಿದ್ದು 1968ರ ಮೇ ತಿಂಗಳಲ್ಲಿ. ಜಾರ್ಜ್ ಹೈಲ್ಮೈಯರ್ ತಂಡದ ಕೆಲಸ ಅದು. ಗೋಡೆಗೆ ತೂಗುಹಾಕುವ ಟಿವಿಯ ಕನಸು ಆಗಲೇ ಇತ್ತು. ಅದೇ ಕಂಪನಿಯ ಬರ್ನಾರ್ಡ್ ಲೆಕ್ನರ್ ಮತ್ತು ಸಂಗಡಿಗರು ಕನಸಿನ ಒಳಗಿನ ತೊಡಕನ್ನು 1971ರ ಒಂದು ಲೇಖನದಲ್ಲಿ ಬಿಡಿಸಿಟ್ಟರು. ಸಾಲು ಹೆಚ್ಚಾದಂತೆ ಒಂದೊಂದಕ್ಕೆ ಸಿಗುವ ಕಾಲ ಕಡಿಮೆಯಾಗುತ್ತದೆ, ಚುಕ್ಕೆಗೆ ಸ್ವಂತ ನೆನಪಿಲ್ಲ. ಆದ್ದರಿಂದ ಪ್ರತಿ ಚುಕ್ಕೆಯ ಬಳಿಯೂ ಒಂದು ಬಾಗಿಲು ಬೇಕಾಗುತ್ತದೆ ಎಂಬುದು ಅದರ ಸಾರ. ಆ ಬಾಗಿಲೆಂದರೆ ಟ್ರಾನ್ಸಿಸ್ಟರ್. ಗಾಜಿನ ಮೇಲೆ ಸಾವಿರಾರು ಟ್ರಾನ್ಸಿಸ್ಟರ್ ಕೂರಿಸುವುದು ಆಗ ಕೈಗೆಟುಕುವ ಮಾತಾಗಿರಲಿಲ್ಲ. ಹಾಗಾಗಿ ಬಾಗಿಲಿಲ್ಲದೆಯೇ ಎಷ್ಟು ದೂರ ಹೋಗಬಹುದೆಂಬ ಹುಡುಕಾಟ ಶುರುವಾಯಿತು.

ಬಾಗಿಲಿಲ್ಲದಿದ್ದರೆ ಬದು ಸೋರುತ್ತದೆ. ಒಂದು ಸಾಲಿಗೆಂದು ಕಂಬಸಾಲಿನಲ್ಲಿ ಕಳಿಸಿದ ವೋಲ್ಟೇಜು ಅದೇ ಕಂಬಸಾಲಿನ ಉಳಿದೆಲ್ಲ ಚುಕ್ಕೆಗಳಿಗೂ ತಾಗುತ್ತದೆ. ದ್ರವಸ್ಫಟಿಕ ನಿಧಾನದ ಪ್ರಾಣಿ, ಕ್ಷಣಕ್ಷಣದ ವೋಲ್ಟೇಜಿಗೆ ಹೊರಳುವುದಿಲ್ಲ. ಒಂದು ಪೂರ್ತಿ ಸುತ್ತಿನಲ್ಲಿ ಬಿದ್ದ ವೋಲ್ಟೇಜುಗಳ ವರ್ಗಗಳ ಸರಾಸರಿಗೆ ಸ್ಪಂದಿಸುತ್ತದೆ. ಧನವೋ ಋಣವೋ ಅದಕ್ಕೆ ಭೇದವಿಲ್ಲ. ಆದ್ದರಿಂದ ‘ಆರಿರು’ ಎಂದು ಹೇಳಿದ ಚುಕ್ಕೆಗೂ ಒಂದಿಷ್ಟು ಪಾಲು ಬಂದೇ ಬರುತ್ತದೆ. ಕ್ಯಾಲ್ಕುಲೇಟರಿನ ನೆರಳು ‘8’ ಈ ಪಾಲು.

ಈ ಸೋರಿಕೆಯನ್ನು ಎಷ್ಟು ಕಡಿಮೆ ಮಾಡಬಹುದು? ಐಬಿಎಂನ ಪಾಲ್ ಆಲ್ಟ್ ಮತ್ತು ಪೀಟರ್ ಪ್ಲೆಷ್ಕೊ 1974ರಲ್ಲಿ ಇದಕ್ಕೆ ಕೊನೆಯ ಉತ್ತರ ಕೊಟ್ಟರು. ಉರಿಯಬೇಕಾದ ಚುಕ್ಕೆಗೂ ಆರಬೇಕಾದ ಚುಕ್ಕೆಗೂ ಸಿಗುವ ವೋಲ್ಟೇಜುಗಳ ಅನುಪಾತಕ್ಕೆ ಒಂದು ಮೇಲ್ಮಿತಿಯಿದೆ. ಆ ಮಿತಿ ನಿಂತಿರುವುದು ಸಾಲುಗಳ ಸಂಖ್ಯೆಯೊಂದರ ಮೇಲೆ ಮಾತ್ರ. 4 ಸಾಲಿದ್ದರೆ ಅನುಪಾತ 1.73, ಆರಾಮ. 16 ಸಾಲಿಗೆ 1.29. 100 ಸಾಲಿಗೆ ಬರೀ 1.11, ಹಗಲಿಗೂ ರಾತ್ರಿಗೂ ನಡುವಿನ ಅಂತರ ಶೇಕಡಾ 11 ಅಷ್ಟೆ. ಮಂಡಲ ಎಷ್ಟೇ ಜಾಣತನದ್ದಾಗಿರಲಿ, ಈ ಗೆರೆ ದಾಟಲಾಗದು. ಆ ಕ್ಷೇತ್ರದವರು ಇದನ್ನು ಉಕ್ಕಿನ ಕಾನೂನು ಎಂದೇ ಕರೆದರು. ಎರಡು ಪುಟಗಳಲ್ಲಿ ಮುಗಿಯಬಹುದಾದ ಒಂದು ಲೆಕ್ಕ ಇಡೀ ಉದ್ಯಮದ ಮುಂದೆ ಗೋಡೆಯಾಗಿ ನಿಂತದ್ದು ನನಗೆ ಈಗಲೂ ಸೋಜಿಗ.

ಈ ಲೆಕ್ಕದ ಇನ್ನೊಂದು ಮುಖ ವಿದ್ಯುತ್ತಿನದು. ಅತ್ಯುತ್ತಮ ಅನುಪಾತ ಬೇಕೆಂದರೆ ಸಾಲಿಗೆ ಕೊಡುವ ವೋಲ್ಟೇಜು ಕಂಬಸಾಲಿನದಕ್ಕಿಂತ ಸಾಲುಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಹೆಚ್ಚಿರಬೇಕು. 64 ಸಾಲಿಗೆ 8 ಪಟ್ಟು, 100ಕ್ಕೆ 10 ಪಟ್ಟು. ದ್ರವಸ್ಫಟಿಕಕ್ಕೆ ಒಂದೇ ದಿಕ್ಕಿನ ವಿದ್ಯುತ್ತು ಆಗಿಬರುವುದಿಲ್ಲ, ಕೆಡುತ್ತದೆ. ಹಾಗಾಗಿ ದಿಕ್ಕನ್ನು ಆಗಾಗ ತಿರುಗಿಸುತ್ತಿರಬೇಕು. ಅಂದರೆ 100 ಸಾಲಿನ ಪರದೆಯಲ್ಲಿ ಸಾಲಿನ ಮಂಡಲ ಧನ 10ರಿಂದ ಋಣ 10ರವರೆಗೆ, ಒಟ್ಟು 20 ಪಾಲು ಜಿಗಿಯಬೇಕು. ತಂತಿಯನ್ನು ತುಂಬಿ ಖಾಲಿ ಮಾಡಲು ತಗಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಏರುವುದರಿಂದ ಶೆಲ್ಲಿನ ಯಂತ್ರಗಳಿಗೆ ಇದು ದುಬಾರಿ. 1976ರಲ್ಲಿ ಹಿಟಾಚಿಯ ಕವಕಾಮಿ ಮತ್ತು ಗೆಳೆಯರು ಒಂದು ಸರಳ ಉಪಾಯ ಮಾಡಿದರು. ದಿಕ್ಕು ತಿರುಗಿಸುವಾಗ ಸಾಲು, ಕಂಬಸಾಲು ಎರಡರ ನೆಲೆಯನ್ನೂ ಒಟ್ಟಿಗೆ ಸರಿಸಿಬಿಟ್ಟರೆ ಚುಕ್ಕೆಗೆ ಗೊತ್ತಾಗುವುದೇ ಇಲ್ಲ. ಅದಕ್ಕೆ ಕಾಣುವುದು ಎರಡರ ವ್ಯತ್ಯಾಸ ಮಾತ್ರ ತಾನೆ. 20 ಇದ್ದದ್ದು 11ಕ್ಕೆ ಇಳಿಯಿತು.

ಇಲ್ಲಿ ಕಥೆ ಬೆಂಗಳೂರಿಗೆ ಬರುತ್ತದೆ. ಸಿ. ವಿ. ರಾಮನ್ 1970ರ ನವೆಂಬರಿನಲ್ಲಿ ತೀರಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿದ್ದ ಎಸ್. ಚಂದ್ರಶೇಖರ್ ಮರುವರ್ಷ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯ ತೆರೆದರು. 1977ರಲ್ಲಿ ಅವರೂ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೂ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದದ್ದು ಜಗತ್ತಿಗೇ ಗೊತ್ತು. ಅದೇ ಪ್ರಯೋಗಾಲಯದಲ್ಲಿ, ರಸಾಯನ ವಸ್ತುಗಳ ಗಾಜಿನ ಬಟ್ಟಲುಗಳ ಪಕ್ಕದಲ್ಲೇ, ಮಂಡಲಗಳ ಕೆಲಸವೂ ನಡೆದಿತ್ತು. ಅದಕ್ಕೆ ಅಷ್ಟು ಹೆಸರು ಬರಲಿಲ್ಲ.

1983ರಲ್ಲಿ ಟಿ. ಎನ್. ರುಕ್ಮಾಂಗದನ್ ಮತ್ತು ಎನ್. ವಿ. ಮಧುಸೂದನ ಸಾಲುಗಳನ್ನು ಎಬ್ಬಿಸುವ ಹೊಸ ವಿಧಾನಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. 1988ರಲ್ಲಿ ರುಕ್ಮಾಂಗದನ್ ಆ ದಾರಿಯನ್ನು ಒಂದು ಸಾಮಾನ್ಯ ಸಿದ್ಧಾಂತಕ್ಕೆ ಏರಿಸಿದರು. ಅವರ ಪ್ರಶ್ನೆ ಇಷ್ಟೇ: ಒಂದು ಸಲಕ್ಕೆ ಒಂದೇ ಸಾಲನ್ನು ಎಬ್ಬಿಸಬೇಕೆಂದು ಯಾರು ಹೇಳಿದರು?

ಕೇಳಲು ಸುಲಭ, ಆದರೆ ನೀರುಗಂಟಿ ಎಂಟು ಬಾಯಿಗಳನ್ನು ಒಟ್ಟಿಗೆ ಬಿಡಿಸಿದರೆ ಯಾರ ನೀರು ಯಾರಿಗೆ? ಉತ್ತರ ಗುರುತುಗಳಲ್ಲಿದೆ. ಎಂಟು ಸಾಲುಗಳಿಗೂ ಒಟ್ಟಿಗೆ ವೋಲ್ಟೇಜು ಕೊಡಿ, ಆದರೆ ಕೆಲವಕ್ಕೆ ಧನ, ಕೆಲವಕ್ಕೆ ಋಣ. ಮುಂದಿನ ಗಳಿಗೆಯಲ್ಲಿ ಗುರುತುಗಳ ಇನ್ನೊಂದು ಜೋಡಣೆ. ಹೀಗೆ ಎಂಟು ಗಳಿಗೆ, ಎಂಟು ಜೋಡಣೆ. ಯಾವ ಎರಡು ಸಾಲುಗಳನ್ನು ತೆಗೆದುಕೊಂಡರೂ ಅವುಗಳ ಗುರುತುಗಳು ಎಂಟರಲ್ಲಿ ನಾಲ್ಕು ಸಲ ಕೂಡಬೇಕು, ನಾಲ್ಕು ಸಲ ವಿರೋಧಿಸಬೇಕು. ಇಂಥ ಪಟ್ಟಿಗಳನ್ನು ಫ್ರಾನ್ಸಿನ ಅದಮಾರ್ 19ನೇ ಶತಮಾನದಲ್ಲೇ ಅಧ್ಯಯನ ಮಾಡಿದ್ದರು. ಪ್ರತಿ ಗಳಿಗೆಯಲ್ಲೂ ಕಂಬಸಾಲಿನ ಮಂಡಲ ತನ್ನ ಎಂಟು ಚುಕ್ಕೆಗಳ ಬೇಡಿಕೆಯನ್ನು ಆ ಗಳಿಗೆಯ ಗುರುತುಗಳ ಪಕ್ಕದಲ್ಲಿಟ್ಟು ಎಷ್ಟು ಹೊಂದುತ್ತವೆ ಎಂದು ಎಣಿಸುತ್ತದೆ. ಎಣಿಕೆಗೆ ತಕ್ಕ ವೋಲ್ಟೇಜು ಕೊಡುತ್ತದೆ. ಎಂಟೂ ಗಳಿಗೆ ಮುಗಿದ ಮೇಲೆ ಕೂಡಿಸಿದರೆ ಪಕ್ಕದವರ ಪಾಲು ಪರಸ್ಪರ ಹೊಡೆದುಹೋಗಿ ಪ್ರತಿ ಚುಕ್ಕೆಗೂ ತನ್ನ ಪಾಲು ನಿಲ್ಲುತ್ತದೆ. ಉಕ್ಕಿನ ಕಾನೂನು ಹೇಳುವ ಅತ್ಯುತ್ತಮ ಅನುಪಾತ ಇಲ್ಲಿಯೂ ಸಿಗುತ್ತದೆ, ಒಂದಿಷ್ಟೂ ನಷ್ಟವಿಲ್ಲ.

ಲಾಭ ಎಲ್ಲಿ? ಒಂದೇ ಸಲ ದೊಡ್ಡ ಏಟು ಕೊಡುವ ಬದಲು ಎಂಟು ಸಲ ಸಣ್ಣ ಏಟು. 64 ಸಾಲಿನ ಪರದೆಯಲ್ಲಿ ಹಳೆಯ ವಿಧಾನಕ್ಕೆ ಸಾಲಿನ ವೋಲ್ಟೇಜು 8, ಕಂಬಸಾಲಿನದು 1. ಎಂಟೆಂಟಾಗಿ ಎಬ್ಬಿಸಿದರೆ ಸಾಲಿನದು 2.8ಕ್ಕೆ ಇಳಿಯುತ್ತದೆ, ಕಂಬಸಾಲಿನ ಗರಿಷ್ಠ 2.8ಕ್ಕೆ ಏರುತ್ತದೆ. ಭಾರ ಹೊತ್ತವನೊಬ್ಬ, ಕೈಬೀಸಿಕೊಂಡು ನಡೆಯುವವನೊಬ್ಬ ಇದ್ದಲ್ಲಿ ಇಬ್ಬರೂ ಸಮಸಮ ಹೊತ್ತಂತಾಯಿತು. ಹಿಟಾಚಿಯ ಉಪಾಯದಲ್ಲಿ 9 ಪಾಲು ಬೇಕಿದ್ದ ಪೂರೈಕೆ ಇಲ್ಲಿ 5.7 ಪಾಲಿಗೆ ಸಾಕು. ಬೆಲೆಯೂ ಉಂಟು. ಕಂಬಸಾಲಿನ ಮಂಡಲ ಎರಡರ ಬದಲು ಒಂಬತ್ತು ಬಗೆಯ ವೋಲ್ಟೇಜು ಕೊಡಲು ಕಲಿಯಬೇಕು, ಎಂಟು ಸಾಲುಗಳ ಚಿತ್ರವನ್ನು ನೆನಪಿಟ್ಟುಕೊಂಡಿರಬೇಕು. ಜಪಾನಿನ ಸೈಕೊ ಎಪ್ಸನ್ ಮುಂದೆ ನಾಲ್ಕು ಸಾಲು ಒಟ್ಟಿಗೆ ಎಬ್ಬಿಸುವ ಚಿಪ್‌ಗಳನ್ನು ಮಾಡಿದ್ದು ಈ ಲಾಭ-ಬೆಲೆಗಳ ನಡುವಿನ ರಾಜಿ.

ಈ ವಿಚಾರಕ್ಕೆ ಜಗತ್ತಿನ ಗಮನ ಬಿದ್ದದ್ದು ವಿದ್ಯುತ್ ಉಳಿತಾಯಕ್ಕಿಂತ ಬೇರೆ ಕಾರಣಕ್ಕೆ. ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿಯಲ್ಲಿ ಷೆಫರ್ ಮತ್ತು ನೇರಿಂಗ್ ಅಣುಗಳನ್ನು ಇನ್ನಷ್ಟು ಹೆಚ್ಚು ತಿರುಚಿ, ಶೇಕಡಾ ಐದಾರರ ವ್ಯತ್ಯಾಸಕ್ಕೂ ಕಪ್ಪು-ಬಿಳುಪಾಗುವ ಪರದೆಯನ್ನು 1984ರಲ್ಲಿ ಪ್ರಕಟಿಸಿದ್ದರು. ಮುಂದೆ ಅನೇಕ ಲ್ಯಾಪ್‌ಟಾಪುಗಳು ಬಂದದ್ದು ಅಂಥ ಪರದೆಯೊಂದಿಗೆ. ಅವುಗಳಲ್ಲಿ ಮೌಸಿನ ಬಾಣವನ್ನು ಬೇಗ ಸರಿಸಿದರೆ ಅದು ನೀರಿನಲ್ಲಿ ಮುಳುಗಿದಂತೆ ಮಾಯವಾಗುತ್ತಿತ್ತು. ಪರದೆಯನ್ನು ಚುರುಕು ಮಾಡಿದರೆ ಇನ್ನೊಂದು ತೊಂದರೆ: ಒಂದು ಏಟು ತಿಂದ ಚುಕ್ಕೆ ಮುಂದಿನ ಸುತ್ತು ಬರುವುದರೊಳಗೆ ಮತ್ತೆ ಮಲಗಿಬಿಡುತ್ತಿತ್ತು. ಏಟನ್ನು ಸುತ್ತಿನ ತುಂಬ ಹಂಚಿ ಕೊಡುವ ಬೆಂಗಳೂರಿನ ವಿಧಾನ ಇದಕ್ಕೆ ಸರಿಯಾದ ಮದ್ದು. 1992ರಲ್ಲಿ ಷೆಫರ್ ಮತ್ತು ಕ್ಲಿಫ್ಟನ್ ಅಮೆರಿಕದಲ್ಲಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ಎಬ್ಬಿಸುವ ವಿಧಾನ ತೋರಿಸಿದರು. ಅದೇ ಹೊತ್ತಿಗೆ ರುಕ್ಮಾಂಗದನ್ ಜಪಾನಿನ ಅಸಾಹಿ ಗ್ಲಾಸ್ ತಂಡದೊಡನೆ ಕೆಲವೇ ಸಾಲುಗಳ ವಿಧಾನವನ್ನು ಚುರುಕು ಪರದೆಗೆ ಒಗ್ಗಿಸಿ ಮಂಡಿಸಿದರು. ಎಲ್ಲ ಸಾಲು ಎಂಬುದು ಕಾಗದದ ಮೇಲೆ ಭವ್ಯ. ಆದರೆ ಅಷ್ಟು ಲೆಕ್ಕ ಮಾಡುವ ಮಂಡಲವೇ ಉಳಿಸಿದ ವಿದ್ಯುತ್ತನ್ನು ತಿಂದುಬಿಡುತ್ತದೆ. ಕೆಲವೇ ಸಾಲು ಎಂದವರ ವಿವೇಕವೇ ನನಗೆ ಹೆಚ್ಚು ಒಪ್ಪಿಗೆ.

ಆದರೂ ಗೆದ್ದದ್ದು ಇಬ್ಬರೂ ಅಲ್ಲ, ಬಾಗಿಲು. ಬುಡಾಪೆಸ್ಟಿನಲ್ಲಿ ಹುಟ್ಟಿದ ಪೀಟರ್ ಬ್ರೋಡಿ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ, ಆರಂಗುಲ ಚೌಕದ ಗಾಜಿನ ಮೇಲೆ ಚುಕ್ಕೆಚುಕ್ಕೆಗೂ ಟ್ರಾನ್ಸಿಸ್ಟರ್ ಇರುವ ದ್ರವಸ್ಫಟಿಕ ಪರದೆಯನ್ನು 1973ರಲ್ಲೇ ತೋರಿಸಿದ್ದ. ಕಂಪನಿ ಆ ಕೆಲಸವನ್ನು ಕೈಬಿಟ್ಟಿತು. 1979ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಲಿಕೋಂಬರ್ ಮತ್ತು ಸ್ಪಿಯರ್ ಅಸ್ಫಟಿಕ ಸಿಲಿಕಾನಿನಿಂದ ಟ್ರಾನ್ಸಿಸ್ಟರ್ ಮಾಡಿದ ಮೇಲೆ ದಾರಿ ತೆರೆಯಿತು. ಚುಕ್ಕೆಗೆ ಬಾಗಿಲು ಬಂದರೆ ಬದು ಸೋರುವುದಿಲ್ಲ, ಆಲ್ಟ್-ಪ್ಲೆಷ್ಕೊ ಗೋಡೆಯೂ ಇಲ್ಲ. 1990ರ ದಶಕ ಮುಗಿಯುವಷ್ಟರಲ್ಲಿ ದೊಡ್ಡ ಪರದೆಗಳೆಲ್ಲ ಆ ಕಡೆಗೆ ಹೋದವು. ಬೆಂಗಳೂರಿನ ಉತ್ತರದಲ್ಲಿ ತಪ್ಪಿರಲಿಲ್ಲ. ಅದು ಬಿಡಿಸಿದ ಪ್ರಶ್ನೆಯನ್ನೇ ಕಾಲ ಬದಲಿಸಿಬಿಟ್ಟಿತು.

ಬಾಗಿಲು ಬಂದ ಮೇಲೂ ನೀರುಗಂಟಿ ಬೇಕೇ ಬೇಕು. 1080 ಸಾಲಿನ ಪರದೆಯನ್ನು ಸೆಕೆಂಡಿಗೆ 60 ಸುತ್ತು ಸುತ್ತಿದರೆ ಒಂದು ಸಾಲಿಗೆ ಸಿಗುವುದು ಸುಮಾರು 15 ಮೈಕ್ರೊಸೆಕೆಂಡು. ಈ ಕೆಲಸದ ಚಿಪ್‌ಗಳನ್ನು ಗಾಜಿನ ಅಂಚಿಗೆ ಅಂಟಿಸುತ್ತಿದ್ದರು. ಆಮೇಲೆ ಗಾಜಿನ ಮೇಲೆಯೇ ಅದೇ ಅಸ್ಫಟಿಕ ಸಿಲಿಕಾನಿನಿಂದ ಮಂಡಲ ಕಟ್ಟಲು ಕಲಿತರು. ಒಂದು ಸಾಲು ಎದ್ದರೆ ಅದೇ ಮುಂದಿನದನ್ನು ಎಬ್ಬಿಸುತ್ತದೆ, ದೀಪದಿಂದ ದೀಪ ಹಚ್ಚಿದಂತೆ. ಇಲ್ಲಿ ನನಗೆ ತುಂಬ ಹಿಡಿಸಿದ ಸಂಗತಿಯೊಂದಿದೆ. ಸಾಲನ್ನು ಎಬ್ಬಿಸುವುದು ಕಷ್ಟವಲ್ಲ, ಮಲಗಿಸಿಡುವುದು ಕಷ್ಟ. ಪ್ರತಿ ಸಾಲೂ ಒಂದು ಗಳಿಗೆ ಎದ್ದಿದ್ದು 1079 ಗಳಿಗೆ ಸುಮ್ಮನಿರಬೇಕು. ಅಷ್ಟು ಹೊತ್ತೂ ಅದನ್ನು ಅದುಮಿ ಹಿಡಿದ ಟ್ರಾನ್ಸಿಸ್ಟರ್ ದಣಿಯುತ್ತದೆ. ಅದು ತೆರೆದುಕೊಳ್ಳಲು ಬೇಕಾದ ವೋಲ್ಟೇಜೇ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ಅದಕ್ಕಾಗಿ ಎರಡು ಕಾವಲು ಟ್ರಾನ್ಸಿಸ್ಟರ್ ಇಟ್ಟು ಪಾಳಿ ಹಚ್ಚುತ್ತಾರೆ, ಒಂದು ಕಾಯುವಾಗ ಇನ್ನೊಂದಕ್ಕೆ ವಿಶ್ರಾಂತಿ. ವಿದ್ಯುತ್ತು ಹೆಚ್ಚು ಪೋಲಾಗುವುದೂ ಕೆಲಸ ಮಾಡುವ ಸಾಲಿನಲ್ಲಲ್ಲ. ತಾಳ ಹಾಕುವ ಗಡಿಯಾರದ ತಂತಿ ಮಲಗಿದ ಸಾವಿರ ಮನೆಗಳ ಬಾಗಿಲನ್ನೂ ಪ್ರತಿ ಬಡಿತಕ್ಕೆ ತಟ್ಟುತ್ತಾ ಹೋಗುತ್ತದಲ್ಲ, ಅಲ್ಲಿ. ಆ ತಂತಿಯನ್ನು ತುಂಡು ಮಾಡಿ, ಎಚ್ಚರವಿರುವ ಕೇರಿಗಷ್ಟೇ ತಾಳ ಕಳಿಸುವುದು ಉಳಿತಾಯದ ಒಂದು ದಾರಿ.

ಇನ್ನೊಂದು ದಾರಿ, ಸುತ್ತನ್ನೇ ಕಡಿಮೆ ಮಾಡುವುದು. ಟೋಕಿಯೊದ ಹೊಸೊನೊ ಮತ್ತು ನೊಮುರಾ ತಂಡ 2004ರಲ್ಲಿ ಇಂಡಿಯಂ, ಗ್ಯಾಲಿಯಂ, ಸತುಗಳ ಆಕ್ಸೈಡಿನಿಂದ ಅಸ್ಫಟಿಕ ಟ್ರಾನ್ಸಿಸ್ಟರ್ ಮಾಡಿತು. ಮುಚ್ಚಿದಾಗ ಅದು ಸೋರುವುದು ತೀರಾ ಅತ್ಯಲ್ಪ. ಚುಕ್ಕೆಗೆ ಕೊನೆಗೂ ನೆನಪು ಬಂತು. ಕೊಟ್ಟ ವೋಲ್ಟೇಜನ್ನು ಅದು ಹಿಡಿದಿಟ್ಟುಕೊಳ್ಳಬಲ್ಲದಾದರೆ ಮತ್ತೆ ಮತ್ತೆ ಹೋಗಿ ಕೇಳುವುದೇಕೆ? 2019ರಲ್ಲಿ ಆಪಲ್ ಕಂಪನಿಯ ಕೈಗಡಿಯಾರ, ಇಂಥ ಆಕ್ಸೈಡು ಟ್ರಾನ್ಸಿಸ್ಟರನ್ನೂ ಸಿಲಿಕಾನನ್ನೂ ಬೆರೆಸಿದ ಪರದೆಯೊಂದಿಗೆ ಬಂತು. ಕೈ ಕೆಳಗಿಳಿಸಿದಾಗಲೂ ಅದರ ಮುಖ ಆರುವುದಿಲ್ಲ. ಆಗ ಅದರ ನೀರುಗಂಟಿ ಸೆಕೆಂಡಿಗೆ 60 ಸಲದ ಬದಲು ಒಂದೇ ಒಂದು ಸಲ ಎದ್ದು, ಎಲ್ಲ ಸಾಲುಗಳನ್ನೂ ನೋಡಿ ಬಂದು, ಮತ್ತೆ ಮಲಗುತ್ತಾನೆ.