ಕಂಪ್ಯೂಟರಿಗೂ ನೀರು ಬೇಕೇ?

ಕಳೆದ ಮೇ ತಿಂಗಳ ಒಂದು ಶನಿವಾರ ಸಂಜೆ ವಡಾಲದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆ ಅತ್ತಿಗೆಯ ದೂರು ಶುರು. "ನೋಡಿ, ನೀವಾದರೂ ಅವನಿಗೆ ಬುದ್ಧಿ ಹೇಳಿ. ಕರೆಂಟಿನ ಡಬ್ಬಿಯೊಳಗೆ ನೀರು ಬಿಡುತ್ತಾನಂತೆ!"

ಕೋಣೆಯಲ್ಲಿ ಅಣ್ಣನ ಮಗ ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕಂಪ್ಯೂಟರನ್ನು ಬಿಚ್ಚಿಟ್ಟು ಕುಳಿತಿದ್ದ. ಸುತ್ತ ಕೊಳವೆಗಳು, ಪಂಪು, ಉದ್ದನೆಯ ರೇಡಿಯೇಟರ್, ಬಟ್ಟಿ ಇಳಿಸಿದ ನೀರಿನ ಕ್ಯಾನು. ಅವನು ಅನಿಮೇಷನ್ ಕಲಿಯುವ ಹುಡುಗ. ಒಂದು ನಿಮಿಷದ ಚಿತ್ರ ತಯಾರಾಗಲು ಆ ಯಂತ್ರ ರಾತ್ರಿಯಿಡೀ ದುಡಿಯಬೇಕು. ಬೇಸಿಗೆಯಲ್ಲಿ ಚಿಪ್ಪಿನ ಉಷ್ಣತೆ 90 ಡಿಗ್ರಿ ಮುಟ್ಟಿ, ಯಂತ್ರ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿತ್ತಂತೆ. ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಸಿದ ಹಣದಲ್ಲಿ ಕೊಂಡ ಯಂತ್ರ ಅದು. ಒಂದು ತೊಟ್ಟು ನೀರು ತಪ್ಪು ಜಾಗಕ್ಕೆ ಬಿದ್ದರೆ ಎರಡು ವರ್ಷವೂ ಹೋಯಿತು.

"ಚಿಕ್ಕಪ್ಪಾ, ಇದು ಹೊಸದೇನಲ್ಲ. ಹಿಂದೆ ದೊಡ್ಡ ಕಂಪ್ಯೂಟರುಗಳಿಗೆಲ್ಲ ನೀರೇ ಇತ್ತಂತೆ" ಎಂದ. ಹುಡುಗ ಹೇಳಿದ್ದು ಅರ್ಧ ನಿಜ. ಉಳಿದ ಅರ್ಧವನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ ಕಥೆ ಇದು.

ಕಥೆ ನಮ್ಮ ಮುಂಬಯಿಯಿಂದಲೇ ಶುರು ಮಾಡಬಹುದು. 1956ರಲ್ಲಿ ಈ ಊರಿನಲ್ಲಿ ಎರಡು ಯಂತ್ರಗಳು ಹುಟ್ಟಿದವು. ಎರಡರ ಹಿಂದೆಯೂ ಹೋಮಿ ಭಾಭಾ ಅವರ ಸಂಸ್ಥೆಗಳು. ಒಂದು, ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಚಾಲೂ ಆದ ಪರಮಾಣು ರಿಯಾಕ್ಟರ್ ಅಪ್ಸರಾ. ಇನ್ನೊಂದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಪ್ರಾಯೋಗಿಕ ಕಂಪ್ಯೂಟರ್. ಇದನ್ನೇ ದೊಡ್ಡದಾಗಿ ಬೆಳೆಸಿದ ಯಂತ್ರ 1960ರ ಹೊತ್ತಿಗೆ ಕೆಲಸ ಆರಂಭಿಸಿತು. ಅದಕ್ಕೆ ಟಿಫ್ರಾಕ್ ಎಂದು 1962ರಲ್ಲಿ ಹೆಸರಿಟ್ಟವರು ನೆಹರೂ. ಅಪ್ಸರಾ ಎಂಬ ಹೆಸರೂ ಅವರದೇ. ಯಾವುದು ಸುಂದರ ಹೆಸರು ಎಂದು ನಾನು ಹೇಳಬೇಕಾಗಿಲ್ಲ!

ಅಪ್ಸರೆ ಹೆಸರಿಗೆ ತಕ್ಕಂತೆ ನೀರಿನಲ್ಲೇ ಇದ್ದಳು. ಯುರೇನಿಯಂ ಇಂಧನವನ್ನು ಈಜುಕೊಳದಂತಹ ತೊಟ್ಟಿಯಲ್ಲಿ ಮುಳುಗಿಸಿದ್ದರು. ಬಿಸಿಯನ್ನು ಹೊತ್ತೊಯ್ಯುವುದೂ ಆ ನೀರೇ, ವಿಕಿರಣವನ್ನು ತಡೆಯುವುದೂ ಆ ನೀರೇ. ಕಂಪ್ಯೂಟರಿನ ಪಾಲಿಗೆ ಬಂದದ್ದು ಮಾತ್ರ ಗಾಳಿ. ಟಿಫ್ರಾಕ್‌ನಲ್ಲಿ ಸುಮಾರು 2700 ವಾಲ್ವುಗಳಿದ್ದವು. ನಮ್ಮ ಕೇಳುಗರಲ್ಲಿ ಹಿರಿಯರಿಗೆ ವಾಲ್ವ್ ರೇಡಿಯೋ ನೆನಪಿರಬಹುದು. ಹಚ್ಚಿ ಅರ್ಧ ಗಂಟೆಯಾದರೆ ಮೇಲ್ಭಾಗ ಬೆಚ್ಚಗಾಗಿ, ಮನೆಯ ಬೆಕ್ಕು ಅಲ್ಲೇ ಮಲಗುತ್ತಿತ್ತು. ಅಂಥ ರೇಡಿಯೋದಲ್ಲಿ ಐದಾರು ವಾಲ್ವ್ ಇರುತ್ತಿತ್ತು. ನಾನೂರೈವತ್ತು ರೇಡಿಯೋಗಳನ್ನು ಒಂದೇ ಕೋಣೆಯಲ್ಲಿ ಹಚ್ಚಿಟ್ಟಂತೆ ಲೆಕ್ಕ ಹಾಕಿ!

ಆದರೂ ಅಲ್ಲಿ ನೀರು ಬೇಕಾಗಲಿಲ್ಲ. ಬಿಸಿ ಬಹಳವಿದ್ದರೂ ಅದು ಆಳೆತ್ತರದ ಉಕ್ಕಿನ ಚೌಕಟ್ಟುಗಳಲ್ಲಿ ಹರಡಿಕೊಂಡಿತ್ತು. ಗಾಳಿ ಎಲ್ಲೆಡೆ ನುಗ್ಗಬಲ್ಲದು. 1961ರಲ್ಲಿ ಮುಂಬಯಿಯ ಎಸ್ಸೋ ಕಂಪನಿಗೆ ಐಬಿಎಂ 1401 ಬಂತು. ಆಮೇಲೆ ಒಂದೊಂದೇ ಕಛೇರಿಯಲ್ಲಿ ಕಂಪ್ಯೂಟರ್ ಕೋಣೆಗಳಾದವು. ಸಾಹೇಬರಿಗೆ ಫ್ಯಾನು, ಕಂಪ್ಯೂಟರಿಗೆ ಏರ್‌ಕಂಡೀಷನ್, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಗರ್ಭಗುಡಿಯ ಮರ್ಯಾದೆ!

ಹೊರದೇಶದಲ್ಲಿ ಅಷ್ಟರಲ್ಲಿ ಯಂತ್ರಗಳು ಚಿಕ್ಕದಾಗತೊಡಗಿದವು, ಬಿಸಿ ಒತ್ತಾಗತೊಡಗಿತು. 1964ರ ಸಿಡಿಸಿ 6600 ಯಂತ್ರದಲ್ಲಿ ಫ್ರಿಜ್ಜಿನಲ್ಲಿರುವಂತಹ ಫ್ರಿಯಾನ್ ಹರಿಸಿದರು. ಅದೇ ವರ್ಷ ನಮ್ಮ ಟಾಟಾ ಸಂಸ್ಥೆಗೆ ಬಂದದ್ದು ಅದೇ ಕಂಪನಿಯ ಹಳೆಯ ಪೀಳಿಗೆಯ 3600. ಐಬಿಎಂನವರು 360 ಸರಣಿಯ 91ನೇ ಮಾದರಿಯಲ್ಲಿ, ಹಲಗೆಗಳ ನಡುವೆ ಹಾಯುವ ಗಾಳಿಯನ್ನು ನೀರಿನಿಂದ ತಣಿಸಿದರು. 1976ರ ಕ್ರೇ-1ರಲ್ಲಿ ಮತ್ತೆ ಫ್ರಿಯಾನ್. 1980ರಲ್ಲಿ ಐಬಿಎಂ 3081 ಬಂದಾಗ ಚಿಪ್ಪುಗಳನ್ನು ಅಂಗೈ ಅಗಲದ ಪಿಂಗಾಣಿ ಬಿಲ್ಲೆಯ ಮೇಲೆ ನೂರರ ಲೆಕ್ಕದಲ್ಲಿ ಒತ್ತೊತ್ತಾಗಿ ಕೂರಿಸಿದ್ದರು. ಪ್ರತಿ ಚಿಪ್ಪಿನ ಬೆನ್ನಿಗೆ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಲೋಹದ ದಂಟು. ಬಿಸಿ ದಂಟಿನ ಮೂಲಕ ಮೇಲೇರಿ, ನೀರು ಹರಿಯುವ ತಟ್ಟೆಗೆ ಸೇರುತ್ತಿತ್ತು.

ಈ ಉಪಾಯ ನಮ್ಮ ಅಡುಗೆಮನೆಯದ್ದೇ. ಮಗುವಿಗೆ ಬಿಸಿ ಹಾಲು ಬೇಗ ಆರಬೇಕೆಂದರೆ ಯಾರೂ ಲೋಟಕ್ಕೆ ಬೀಸಣಿಗೆ ಬೀಸುತ್ತಾ ಕೂರುವುದಿಲ್ಲ, ನೀರು ತುಂಬಿದ ತಟ್ಟೆಯಲ್ಲಿ ಲೋಟ ಇಡುತ್ತಾರೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3500 ಪಟ್ಟು ಬಿಸಿಯನ್ನು ಹೊರಬಲ್ಲದು.

ಐಬಿಎಂ 1978ರಲ್ಲೇ ಭಾರತದಿಂದ ಗಂಟುಮೂಟೆ ಕಟ್ಟಿತ್ತು. ನೀರಿನ ದೊಡ್ಡ ಯಂತ್ರಗಳ ಕಾಲ ಬಂದದ್ದು ಆಮೇಲೆ. ನಮ್ಮವರು ಗಾಳಿಯಿಂದಲೇ ಸುಧಾರಿಸುವ ದಾರಿ ಹಿಡಿದರು. 1991ರಲ್ಲಿ ಪುಣೆಯ ಸಿ-ಡಾಕ್ ಪರಮ್ 8000 ತಯಾರಿಸಿತು. ಅದೇ ವರ್ಷ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಅನುಪಮ್ ಕಟ್ಟಿದರು. ಒಂದು ಭಾರಿ ಬಿಸಿ ಯಂತ್ರದ ಬದಲು ಹಲವು ಸಣ್ಣ ಪ್ರೊಸೆಸರುಗಳನ್ನು ಜೊತೆಗೆ ದುಡಿಸುವ ಲೆಕ್ಕ.

ಅದರ ಬೆನ್ನಿಗೇ ಹೊರದೇಶದಲ್ಲೂ ನೀರು ಹಿಂದೆ ಸರಿಯಿತು. ಕಡಿಮೆ ವಿದ್ಯುತ್ ಕುಡಿಯುವ ಸಿಮಾಸ್ ಚಿಪ್ಪುಗಳು ಬಂದವು. ಐಬಿಎಂ 1994ರಿಂದ ತನ್ನ ದೊಡ್ಡ ಯಂತ್ರಗಳನ್ನೂ ಅತ್ತ ತಿರುಗಿಸಿ ಕೊಳಾಯಿ ಕಿತ್ತುಹಾಕಿತು. ಮನೆಯ ಕಂಪ್ಯೂಟರಿಗಂತೂ 1989ರ 486 ಚಿಪ್ಪಿನ ಕಾಲದಲ್ಲಿ ಫ್ಯಾನು ಕೂಡ ಬೇಕಿರಲಿಲ್ಲ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲು ಬಿಡದವರು ಹವ್ಯಾಸಿ ಹುಡುಗರು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪು ಬಂತು. 300 ಮೆಗಾಹರ್ಟ್ಸ್‌ನ ಅದನ್ನು 450ಕ್ಕೆ ಓಡಿಸಬಹುದೆಂಬ ಗುಟ್ಟು ಹರಡಿತು. ವೇಗ ಹೆಚ್ಚಿದರೆ ಬಿಸಿ ಹೆಚ್ಚು. ಅಮೆರಿಕದ ಗ್ಯಾರೇಜುಗಳಲ್ಲಿ ಹುಡುಗರು ಮೀನಿನ ತೊಟ್ಟಿಯ ಪಂಪು, ಹಳೆಯ ಕಾರಿನ ಹೀಟರಿನೊಳಗಿನ ತಾಮ್ರ-ಹಿತ್ತಾಳೆಯ ಪುಟ್ಟ ರೇಡಿಯೇಟರ್, ತಾವೇ ಕೊರೆದ ತಾಮ್ರದ ತುಂಡು ಇವನ್ನು ಜೋಡಿಸಿ ನೀರು ಹರಿಸಿದರು. ಇದಕ್ಕೆಂದೇ ಬಿಡಿಭಾಗ ಮಾರುವ ಕಂಪನಿಗಳು ಹುಟ್ಟಿದ್ದು ಆಮೇಲೆ. 2004ರ ಹೊತ್ತಿಗೆ ಇಂಟೆಲ್‌ನ ಪೆಂಟಿಯಂ 4 ಚಿಪ್ಪು ತಾನಾಗಿಯೇ 100 ವಾಟ್ ದಾಟಿತು. ಬಿಸಿಗೆ ಹೆದರಿ ಕಂಪನಿ ಆ ದಾರಿಯ ಮುಂದಿನ ಚಿಪ್ಪನ್ನೇ ಕೈಬಿಟ್ಟಿತು. ಅದೇ ವರ್ಷ ಆಪಲ್ ತನ್ನ ಪವರ್ ಮ್ಯಾಕ್ ಜಿ5ರೊಳಗೆ ದ್ರವ ತುಂಬಿಸಿ ಮಾರಿತು. ಕೆಲವು ಯಂತ್ರಗಳು ವರ್ಷಗಳ ಮೇಲೆ ಸೋರಿ ಹಾಳಾದವು. ಅತ್ತಿಗೆಗೆ ಇದನ್ನು ಹೇಳಲಿಲ್ಲ!

ನಮ್ಮ ಹುಡುಗನ ತಪ್ಪು ಸೋರಿಕೆಯದ್ದಲ್ಲ, ಲೋಹದ್ದು. ಚಿಪ್ಪಿನ ಮೇಲೆ ಕೂರುವ ವಾಟರ್ ಬ್ಲಾಕ್ ತಾಮ್ರದ್ದು ಕೊಂಡಿದ್ದ. ಹಣ ಉಳಿಸಲು ರೇಡಿಯೇಟರ್ ಮಾತ್ರ ಅಲ್ಯೂಮಿನಿಯಂನದ್ದು ತಂದಿದ್ದ. ಅದರ ಒಂದು ತುದಿಯ ಚೂಡಿ ಸರಿಯಿರಲಿಲ್ಲ. ರಿಪೇರಿಗೆಂದು ಭಾನುವಾರ ಬೆಳಿಗ್ಗೆ ವಡಾಲ ಟ್ರಕ್ ಟರ್ಮಿನಲ್ ಕಡೆಯ ಒಬ್ಬ ರೇಡಿಯೇಟರ್ ಮಿಸ್ತ್ರಿಯ ಬಳಿ ಒಯ್ದೆವು. ಲಾರಿಗಳ ನಡುವೆ ಕುಳಿತಿದ್ದ ಆತ ಅದನ್ನು ಎತ್ತಿ ನೋಡಿ, ಇದರ ಜೊತೆ ಏನು ಜೋಡಿಸುತ್ತೀರಿ ಎಂದು ಕೇಳಿದ. ತಾಮ್ರ ಎಂದೆವು. ಆತ ತಲೆಯಾಡಿಸಿ ಅದನ್ನು ವಾಪಸು ಕೊಟ್ಟ. "ಒಂದೇ ನೀರಿನಲ್ಲಿ ಎರಡನ್ನೂ ಇಟ್ಟರೆ ಇದನ್ನು ಅದು ತಿಂದುಬಿಡುತ್ತದೆ" ಎಂದು ಹಿಂದಿಯಲ್ಲಿ ಹೇಳಿದ.

ಮಾತು ನೂರಕ್ಕೆ ನೂರು ಸರಿ. ಎರಡು ಬೇರೆ ಲೋಹ, ನಡುವೆ ನೀರು ಎಂದರೆ ಅದೊಂದು ಬ್ಯಾಟರಿ. ಬಟ್ಟಿ ಇಳಿಸಿದ ನೀರೂ ಲೋಹ ಮುಟ್ಟುತ್ತಾ ನಿಧಾನವಾಗಿ ಕೆಡುತ್ತದೆ. ಆಗ ಅಲ್ಯೂಮಿನಿಯಂ ಕರಗುತ್ತಾ ಹೋಗಿ, ಬೂದು ಬಣ್ಣದ ರಾಡಿ ಬ್ಲಾಕಿನ ಕೂದಲೆಳೆಯಂತಹ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಮುಂಬಯಿಯಲ್ಲಿ ಈ ತಿಳಿವಳಿಕೆ ಕಂಪ್ಯೂಟರಿನವರಿಗಿಂತ ಮೊದಲು ಗಾಡಿಯವರಿಗಿತ್ತು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ, ಕೊನೆಗೆ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳನ್ನು ನೆನಪಿಸಿಕೊಳ್ಳಿ. ಬಾನೆಟ್ ಎತ್ತಿ, ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ, ಬಾಟಲಿಯಿಂದ ನೀರು ಸುರಿಯುತ್ತಿದ್ದ ಡ್ರೈವರುಗಳನ್ನು ನಾವೆಲ್ಲ ನೋಡಿದವರೇ.

ಹುಡುಗ ಇನ್ನೊಂದು ತಿಂಗಳ ಟ್ಯೂಷನ್ ಹಣ ಬರುವವರೆಗೆ ಕಾದು, ಲ್ಯಾಮಿಂಗ್ಟನ್ ರೋಡಿಗೆ ಹೋಗಿ ತಾಮ್ರದ ರೇಡಿಯೇಟರ್ ತಂದ. ಜೂನ್‌ನಲ್ಲಿ ಮತ್ತೆ ಬೆಡ್‌ಶೀಟ್ ಹಾಸಿತು. ನನಗೂ ಕರೆ ಬಂತು.

ಅವನ ಗೆಳೆಯರು ತಲೆಗೊಂದು ಮಾತು ಹೇಳಿದ್ದರು. ನೀರು ಮೊದಲು ಯಾವ ಚಿಪ್ಪಿಗೆ ಹೋಗಬೇಕು ಎಂದೇ ಅರ್ಧ ದಿನ ಚರ್ಚೆ. ಕಾಗದ ಪೆನ್ಸಿಲ್ ಹಿಡಿದರೆ ಎರಡು ಸಾಲಿನ ಲೆಕ್ಕ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ, 70 ವಾಟ್ ಬಿಸಿ ಅದನ್ನು ಒಂದೇ ಡಿಗ್ರಿ ಏರಿಸುತ್ತದೆ. ಇವನ ಪಂಪಿನದು ನಿಮಿಷಕ್ಕೆ ನಾಲ್ಕು ಲೀಟರ್, ಎರಡು ಚಿಪ್ಪುಗಳ ಬಿಸಿ ಸೇರಿ 350 ವಾಟ್. ಇಡೀ ಸುತ್ತಿನಲ್ಲಿ ನೀರು ಏರುವುದು ಒಂದೂಕಾಲು ಡಿಗ್ರಿ! ಯಾವುದು ಮೊದಲಾದರೇನು? ಒಂದೇ ಕಟ್ಟುನಿಟ್ಟು. ನೀರಿನ ತೊಟ್ಟಿ ಪಂಪಿಗಿಂತ ಮೇಲಿರಬೇಕು, ಪಂಪು ಎಂದೂ ಒಣಗಿ ತಿರುಗಬಾರದು.

ಎರಡನೆಯ ಸಲಹೆ ಅಪಾಯದ್ದು. ತೊಟ್ಟಿಗೆ ಐಸ್ ಹಾಕು ಎಂದಿದ್ದನಂತೆ ಒಬ್ಬ. ವಡಾಲದ ಜೂನ್ ತಿಂಗಳ ಗಾಳಿ ಎಂಥದೆಂದು ನಿಮಗೆ ಗೊತ್ತು. ಆ ಗಾಳಿ 25 ಡಿಗ್ರಿಯ ಆಸುಪಾಸಿಗೆ ತಣ್ಣಗಾದರೂ ಸಾಕು, ತೇವ ಬಿಟ್ಟುಕೊಡುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆ ಬೆವರುತ್ತದಲ್ಲ, ಕೊಳವೆಗಳೂ ಹಾಗೆಯೇ ಬೆವರಿ ಯಂತ್ರದ ಮೇಲೆ ತೊಟ್ಟಿಕ್ಕುತ್ತವೆ. ಸೋರಿಕೆಯೇ ಇಲ್ಲದೆ ಯಂತ್ರ ಹಾಳು. ಬರೀ ರೇಡಿಯೇಟರಿಗೆ ಆ ಭಯವಿಲ್ಲ. ಕೋಣೆಗಿಂತ ತಣ್ಣಗೆ ನೀರನ್ನು ಇಳಿಸಲು ಅದರಿಂದಾಗದು. ಕೋಣೆ 33 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಮೇಲೆಯೇ.

ಬೆಚ್ಚಗಿನ ನೀರಾದರೂ ಸಾಕು ಎಂಬುದನ್ನು ದೊಡ್ಡವರೂ ಒಪ್ಪಿದ್ದಾರೆ. 2008ರಿಂದ ಐಬಿಎಂ ದೊಡ್ಡ ಯಂತ್ರಗಳಿಗೆ ನೀರು ಮರಳಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೆ ಬಂದ ಪರಮ್ ಪ್ರವೇಗ 3.3 ಪೆಟಾಫ್ಲಾಪ್‌ನ ಸೂಪರ್ ಕಂಪ್ಯೂಟರ್. ಅದರಲ್ಲಿಯೂ ದ್ರವವೇ ಚಿಪ್ಪಿನ ಬಳಿ ಹರಿದು ಬಿಸಿ ಒಯ್ಯುತ್ತದೆ. ನಮ್ಮ ಹುಡುಗನ ಯಂತ್ರಕ್ಕೂ ಅದಕ್ಕೂ ಗಾತ್ರದಲ್ಲಿ ಆನೆಗೂ ಇರುವೆಗೂ ಇರುವ ಅಂತರ, ಉಪಾಯ ಒಂದೇ.

ಸಂಜೆ ಏಳಕ್ಕೆ ನೀರು ತುಂಬಿಸಿದೆವು. ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ ಪಂಪನ್ನು ಮಾತ್ರ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟೆವು. ಹನ್ನೊಂದು ಗಂಟೆಗೆ ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಕಾಗದದಲ್ಲಿ ಒಂದು ರೂಪಾಯಿ ಅಗಲದ ಒದ್ದೆ ಕಲೆ ಕಂಡಿತು. ಅತ್ತಿಗೆ ಏನೂ ಹೇಳಲಿಲ್ಲ, ಅದೇ ಹೆಚ್ಚು ಭಯವಾಯಿತು. ನೀರು ಇಳಿಸಿ ಬಿಚ್ಚಿ ನೋಡಿದರೆ ರಬ್ಬರ್ ಉಂಗುರ ಓರೆಯಾಗಿ ಕೂತಿತ್ತು. ಸರಿಮಾಡಿ ಮತ್ತೆ ತುಂಬಿಸಿ 24 ಗಂಟೆ ಕಾದೆವು. ಕಾಗದಗಳೆಲ್ಲ ಒಣಗಿಯೇ ಇದ್ದವು.

ಈಗ ರಾತ್ರಿಯಿಡೀ ದುಡಿದರೂ ಚಿಪ್ಪು 72 ಡಿಗ್ರಿ ದಾಟುವುದಿಲ್ಲವಂತೆ, ವೇಗವೂ ತಗ್ಗುವುದಿಲ್ಲ. ಬಿಸಿ ಮಾತ್ರ ಎಲ್ಲಿಗೂ ಹೋಗಿಲ್ಲ, ರೇಡಿಯೇಟರಿನಿಂದ ಹೊರಬಿದ್ದು ಅದೇ ಕೋಣೆಯಲ್ಲಿದೆ. ಜುಲೈನಲ್ಲಿ ಒಂದು ವಾರ ಮಳೆ ಬಿಡದೆ ಹೊಡೆದಾಗ ಹೋಗಿದ್ದೆ. ಯಂತ್ರದ ಮೇಲ್ಭಾಗದ ಫ್ಯಾನುಗಳಿಂದ ಬೆಚ್ಚನೆಯ ಗಾಳಿ ಏಳುತ್ತಿತ್ತು. ಅದರ ಮೇಲೆ ಹಗ್ಗ ಕಟ್ಟಿ ಅತ್ತಿಗೆ ಅಣ್ಣನ ಸಾಕ್ಸು, ಕರ್ಚೀಫುಗಳನ್ನು ಒಣಹಾಕಿದ್ದರು.