ಮುಖಕ್ಕೆ ಕರೆಂಟ್: ಮೈಕ್ರೊಕರೆಂಟ್ ಯಂತ್ರ ಏನು ಮಾಡುತ್ತೆ, ಏನು ಮಾಡಲ್ಲ

ರೋಣ, ನರಗುಂದ, ಗಜೇಂದ್ರಗಡ ಕಡೆ ಯಾರಾದರೂ ‘ಕರೆಂಟ್ ಕೊಡಿಸ್ಕೊಂಡು ಬಂದೆ’ ಅಂದರೆ ಅದು ಫಿಸಿಯೋಥೆರಪಿ ಅಂತ ಅರ್ಥ. ಸೊಂಟ ಹಿಡಿದರೆ, ಮೊಣಕಾಲು ನೋವಾದರೆ, ಲಕ್ವಾ ಹೊಡೆದು ಬಾಯಿ ವಾರೆಯಾದರೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಿ ನಾಲ್ಕು ದಿನ ಕರೆಂಟ್ ಕೊಡಿಸಿಕೊಳ್ಳೋದು ಇಲ್ಲಿ ಹಳೇ ರೂಢಿ. ಈಗ ಅದೇ ಕರೆಂಟ್ ಅಂಗೈಯಲ್ಲಿ ಹಿಡಿಯುವ ಯಂತ್ರವಾಗಿ ಕೊರಿಯರ್‌ನಲ್ಲಿ ಮನೆಗೆ ಬರುತ್ತಿದೆ. ಕಾಯಿಲೆಗಲ್ಲ, ಚೆಂದಕ್ಕೆ. ಕೆನ್ನೆ ಬಿಗಿಯಾಗುತ್ತೆ, ದವಡೆಯ ಗೆರೆ ಎದ್ದು ಕಾಣುತ್ತೆ, ಹುಬ್ಬು ಮೇಲೇಳುತ್ತೆ, ಇದು ‘ಮುಖಕ್ಕೆ ಜಿಮ್’ ಅನ್ನೋದು ಜಾಹೀರಾತಿನ ಮಾತು. ಮದುವೆ ಸೀಸನ್ ಹತ್ತಿರ ಬಂದಂತೆ, ಕನ್ಯಾ ನೋಡಲು ಹೋಗುವ ಹುಡುಗರೂ ‘ತಗೋಬಹುದಾ?’ ಅಂತ ಕೇಳ್ತಾರೆ. ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಚರ್ಮದ ಡಾಕ್ಟರ್ ಅಲ್ಲ. ಆದರೆ ಮೈಕ್ರೊಆಂಪಿಯರ್ ಅಂದರೆ ಎಷ್ಟು, ಕಾನೂನಿನಲ್ಲಿ ಈ ಯಂತ್ರ ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಬಿಡಿಸಿ ಹೇಳಬಹುದು.

ಮೊದಲು ಅಳತೆ. ಒಂದು ಆಂಪಿಯರ್‌ನ ಸಾವಿರದಲ್ಲಿ ಒಂದು ಪಾಲು ಮಿಲಿಆಂಪಿಯರ್, ಅದರ ಸಾವಿರದಲ್ಲಿ ಒಂದು ಪಾಲು ಮೈಕ್ರೊಆಂಪಿಯರ್. 1000 ಮೈಕ್ರೊಆಂಪಿಯರ್‌ಗಿಂತ ಕಡಿಮೆ ಇರೋದನ್ನು ಮೈಕ್ರೊಕರೆಂಟ್ ಅಂತಾರೆ. ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ ಕೆಲವು ನೂರು ಮೈಕ್ರೊಆಂಪಿಯರ್ ಒಳಗೇ ಇರುತ್ತವೆ. ಒಂದು ಸಾಧಾರಣ ಎಲ್‌ಇಡಿ ಸೂಚಕ ದೀಪ 20 ಮಿಲಿಆಂಪಿಯರ್ ಎಳೆದರೆ, 400 ಮೈಕ್ರೊಆಂಪಿಯರ್ ಅನ್ನೋದು ಅದರ ಐವತ್ತರಲ್ಲಿ ಒಂದು ಪಾಲು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡುತ್ತಾ ಬೆಳೆದವರಿಗೆ ಇದು ಕರೆಂಟೇ ಅಲ್ಲ ಅನ್ನಿಸಬಹುದು.

ಇಷ್ಟು ಸಣ್ಣ ಪ್ರವಾಹ ಚರ್ಮದ ಮೂಲಕ ಹೋದಾಗ ಹೆಚ್ಚಿನವರಿಗೆ ಏನೂ ಗೊತ್ತಾಗಲ್ಲ. ಸ್ನಾಯು ಎದ್ದು ಕಾಣುವ ಹಾಗೆ ಸೆಳೆದುಕೊಳ್ಳೋದೂ ಇಲ್ಲ. ಸೆಳೆತ ಬೇಕಂದ್ರೆ ಸಾಮಾನ್ಯವಾಗಿ ಮಿಲಿಆಂಪಿಯರ್ ಮಟ್ಟಕ್ಕೆ ಏರಬೇಕು. ಆಸ್ಪತ್ರೆಯಲ್ಲಿ ಕೊಡುವ ಕರೆಂಟ್‌ಗೆ ತುಟಿ, ಕೆನ್ನೆ ಕುಣಿಯೋದು ಅದಕ್ಕೇ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಒಬ್ಬ ಮುದುಕನ ಮುಖಕ್ಕೆ ತಂತಿ ಇಟ್ಟು ನಗು, ಭಯ, ಅಚ್ಚರಿ ಎಲ್ಲವನ್ನೂ ಎಬ್ಬಿಸಿ ಫೋಟೊ ಸಮೇತ ಪುಸ್ತಕ ಮಾಡಿದ್ದ. ಹತ್ತು ವರ್ಷದ ನಂತರ ಡಾರ್ವಿನ್ ಆ ಫೋಟೊಗಳಲ್ಲಿ ಕೆಲವನ್ನು ತನ್ನ ಪುಸ್ತಕದಲ್ಲಿ ಬಳಸಿಕೊಂಡ. ಮುದುಕ ನಕ್ಕ, ಹುಬ್ಬು ಗಂಟಿಕ್ಕಿದ, ಆದರೆ ಕರೆಂಟ್ ತೆಗೆದ ಮೇಲೆ ಮುದುಕನಾಗಿಯೇ ಉಳಿದ.

ಹಾಗಾದರೆ ‘ಮುಖಕ್ಕೆ ಜಿಮ್’ ಅನ್ನೋ ಮಾತು ಎಲ್ಲಿಂದ ಬಂತು? ಎರಡು ಬೇರೆ ಬೇರೆ ಸಂಶೋಧನೆಗಳನ್ನು ಒಂದೇ ಗಂಟು ಮಾಡಿದ್ದರಿಂದ.

ಒಂದು, 1982ರ ಚೆಂಗ್ ಮತ್ತು ಸಂಗಡಿಗರ ಪ್ರಯೋಗ. ಇಲಿಯ ಚರ್ಮದ ತುಂಡುಗಳಿಗೆ ಸಣ್ಣ ಪ್ರವಾಹ ಹಾಯಿಸಿದಾಗ ಜೀವಕೋಶದ ಇಂಧನವಾದ ಎಟಿಪಿ ಉತ್ಪಾದನೆ ಹಲವು ಪಟ್ಟು ಏರಿತು, ಪ್ರವಾಹ ತೀರಾ ಹೆಚ್ಚಾದಾಗ ಇಳಿಯಿತು. ಒಳ್ಳೆಯ ಪ್ರಯೋಗ. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿದ್ದ ಇಲಿ ಚರ್ಮ. ನಲವತ್ತು ದಾಟಿದ ಮನುಷ್ಯರ ದವಡೆ ಅಲ್ಲ.

ಎರಡು, 2012ರಲ್ಲಿ ಪ್ರಕಟವಾದ ಕವನಾ ಮತ್ತು ಸಂಗಡಿಗರ ಪರೀಕ್ಷೆ. 108 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪು 12 ವಾರ ಮುಖಕ್ಕೆ ಯಂತ್ರ ಬಳಸಿದಾಗ ಕೆನ್ನೆಯ ಒಂದು ಸ್ನಾಯುವಿನ ದಪ್ಪ ಸುಮಾರು ಶೇ 18ರಷ್ಟು ಹೆಚ್ಚಿತು. ಇಲ್ಲಿ ಹೋಲಿಕೆ ಗುಂಪೂ ಇತ್ತು, ಹಾಗಾಗಿ ಗಂಭೀರವಾಗಿ ತಗೋಬೇಕು. ಆದರೆ ಆ ಯಂತ್ರ ಮೈಕ್ರೊಕರೆಂಟ್ ಅಲ್ಲ, ಸ್ನಾಯುವನ್ನು ನಿಜಕ್ಕೂ ಸೆಳೆಯುವ ಜಾತಿಯದು. ಅದಕ್ಕೆ ಇಎಂಎಸ್ ಅಂತಾರೆ. ಅಂದ್ರೆ ಪುರಾವೆ ಒಂದು ಯಂತ್ರದ್ದು, ಮಾರಾಟ ಇನ್ನೊಂದರದ್ದು.

ಮುಖದ ಮೇಲಿನ ಮೈಕ್ರೊಕರೆಂಟ್ ಬಗ್ಗೆಯೇ ನಡೆದ ಅಧ್ಯಯನಗಳು ಕಡಿಮೆ, ಸಣ್ಣವು. ಬಳಸಿದ ತಕ್ಷಣ ಮುಖ ಸ್ವಲ್ಪ ತಾಜಾ ಕಾಣೋದು ಸುಳ್ಳಲ್ಲ. ಐದು ನಿಮಿಷ ತಣ್ಣನೆಯ ಜೆಲ್ ಹಚ್ಚಿ, ಲೋಹದ ಗುಂಡಿನಿಂದ ಕೆನ್ನೆಯನ್ನು ಮೇಲಕ್ಕೆ ಉಜ್ಜಿದರೆ ರಕ್ತಸಂಚಾರ ಏರುತ್ತೆ, ಊತ ಇಳಿಯುತ್ತೆ. ಅದರಲ್ಲಿ ಕರೆಂಟಿನ ಪಾಲೆಷ್ಟು, ಕೈಯ ಪಾಲೆಷ್ಟು ಅಂತ ಬೇರ್ಪಡಿಸೋದು ಕಷ್ಟ. ಕಂಪನಿಗಳ ಸೂಚನೆಯನ್ನೇ ಓದಿ: ಮೊದಲ ಎರಡು ತಿಂಗಳು ವಾರಕ್ಕೆ ಐದು ದಿನ, ಆಮೇಲೆ ವಾರಕ್ಕೆ ಎರಡು ಮೂರು ಸಲ, ನಿಲ್ಲಿಸದೆ. ಬಿಟ್ಟರೆ ಪರಿಣಾಮವೂ ಬಿಟ್ಟುಹೋಗುತ್ತೆ ಅಂತ ಅವರೇ ಒಪ್ಪಿದ ಹಾಗಾಯ್ತು.

ಡಬ್ಬಿಯೊಳಗೆ ಏನಿದೆ

ಗಜೇಂದ್ರಗಡದಲ್ಲಿ ಪಾರ್ಲರ್ ನಡೆಸುವ ನನ್ನ ಕಾಕಾನ ಮಗಳು ಆನ್‌ಲೈನ್‌ನಲ್ಲಿ ತರಿಸಿದ ಬಂಗಾರ ಬಣ್ಣದ ಟಿ ಆಕಾರದ ಕಡ್ಡಿಯೊಂದನ್ನು ನನ್ನ ಕೈಗಿಟ್ಟು, “ಅಣ್ಣಾ, ಇದರಾಗ ಖರೇನ ಕರೆಂಟ್ ಐತೇನು ನೋಡು. ಗಿರಾಕಿಗೆ ಸುಳ್ಳು ಹೇಳಾಕ ಆಗಂಗಿಲ್ಲ” ಅಂದಳು. ಬಿಚ್ಚಿ ನೋಡಿದೆ. ಒಂದು ಪೆನ್ಸಿಲ್ ಸೆಲ್, ಒಂದು ಪುಟ್ಟ ಮೋಟರ್, ಅದರ ತುದಿಗೆ ಓರೆಯಾಗಿ ಕೂರಿಸಿದ ತೂಕ. ಮೊಬೈಲ್ ವೈಬ್ರೇಟ್ ಆಗುವ ವಿದ್ಯೆ ಅಷ್ಟೇ. ಮುಖಕ್ಕೆ ಒಂದು ಮೈಕ್ರೊಆಂಪಿಯರ್ ಕೂಡ ಹೋಗುವ ದಾರಿ ಅದರಲ್ಲಿರಲಿಲ್ಲ. ಆಕೆ ಅವತ್ತೇ ರೇಟ್ ಬೋರ್ಡಿನಲ್ಲಿ ‘ಮೈಕ್ರೊಕರೆಂಟ್ ಫೇಶಿಯಲ್’ ಅಳಿಸಿ ‘ಮಸಾಜ್ ಫೇಶಿಯಲ್’ ಅಂತ ಬರೆದಳು. ದರ ಮಾತ್ರ ಇಳಿಸಲಿಲ್ಲ.

ಬಿಚ್ಚದೇ ಗುರುತಿಸೋದು ಹೇಗೆ? ಕರೆಂಟ್ ಹರಿಯಬೇಕಾದರೆ ಸರ್ಕೀಟ್ ಪೂರ್ತಿಯಾಗಬೇಕು. ಚರ್ಮಕ್ಕೆ ಎರಡು ಕಡೆ ಲೋಹ ತಾಗಬೇಕು: ಮುಂದೆ ಜೋಡಿ ಗುಂಡುಗಳಿರಬೇಕು, ಇಲ್ಲವೇ ಕೈ ಹಿಡಿಯುವ ಜಾಗದಲ್ಲಿ ಎರಡನೇ ಲೋಹದ ಪಟ್ಟಿ ಇರಬೇಕು. ಒಂದೇ ಲೋಹದ ತುದಿ, ಉಳಿದದ್ದೆಲ್ಲ ಪ್ಲಾಸ್ಟಿಕ್ ಅಂದ್ರೆ ಅದು ವೈಬ್ರೇಟರ್ ಅಥವಾ ಬಣ್ಣದ ದೀಪ. ಇನ್ನು ಹಚ್ಚಿದಾಗ ಕೆನ್ನೆ ಪಟಪಟ ಹೊಡೆದುಕೊಂಡರೆ ಅದು ಮೈಕ್ರೊಕರೆಂಟ್ ಅಲ್ಲ, ಇಎಂಎಸ್. ಪೆಟ್ಟಿಗೆ ಮೇಲೆ ಏನೇ ಬರೆದಿರಲಿ.

ಜೆಲ್ ಯಾಕೆ ಬೇಕು ಅನ್ನೋದಕ್ಕೆ ಪಿಯುಸಿಯ ಓಮ್ ನಿಯಮ ಸಾಕು. ಒಣ ಚರ್ಮದ ಪ್ರತಿರೋಧ ಹತ್ತಾರು ಸಾವಿರ ಓಮ್‌ನಿಂದ ಲಕ್ಷ ಓಮ್‌ವರೆಗೆ ಹೋಗುತ್ತೆ. 9 ವೋಲ್ಟ್ ಕೊಟ್ಟರೆ ಲಕ್ಷ ಓಮ್‌ನಲ್ಲಿ ಹರಿಯೋದು 90 ಮೈಕ್ರೊಆಂಪಿಯರ್. ಚರ್ಮ ಒದ್ದೆಯಾಗಿ ಪ್ರತಿರೋಧ ಹತ್ತು ಸಾವಿರಕ್ಕೆ ಇಳಿದರೆ 900. ಅದೇ ಬ್ಯಾಟರಿ, ಅದೇ ಮುಖ, ಹತ್ತು ಪಟ್ಟು ವ್ಯತ್ಯಾಸ. ಸರಿಯಾದ ಯಂತ್ರದಲ್ಲಿ ಪ್ರವಾಹವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕೀಟ್ ಇರುತ್ತೆ, ನೀವು ದುಡ್ಡು ಕೊಡೋದೇ ಅದಕ್ಕೆ. ಅಗ್ಗದ್ದರಲ್ಲಿ ಅದು ಇದೆಯೋ ಇಲ್ಲವೋ ಅಂತ ಪೆಟ್ಟಿಗೆ ಹೇಳಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಳಸೋದು ವ್ಯರ್ಥ, ಎಣ್ಣೆಯಲ್ಲಿ ಕರೆಂಟ್ ಹರಿಯಲ್ಲ. ನೀರಿನ ಅಂಶದ ಜೆಲ್ ಬೇಕು. ಒಣ ಚರ್ಮಕ್ಕೆ ನೇರ ಇಟ್ಟರೆ ಒಂದೇ ಚುಕ್ಕೆಯಲ್ಲಿ ಪ್ರವಾಹ ಸೇರಿ ಚುಚ್ಚುತ್ತೆ, ಕೆಂಪಾಗುತ್ತೆ.

ಯಾರು ಮುಟ್ಟಲೇಬಾರದು: ಹೃದಯಕ್ಕೆ ಪೇಸ್‌ಮೇಕರ್ ಅಥವಾ ದೇಹದೊಳಗೆ ಬೇರೆ ಯಾವುದೇ ವಿದ್ಯುತ್ ಸಾಧನ ಇರುವವರು, ಫಿಟ್ಸ್ ಇರುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು. ಗಂಟಲಿನ ಮುಂಭಾಗ, ಕತ್ತಿನ ಪಕ್ಕದ ನಾಡಿ, ಕಣ್ಣಿನ ಗುಡ್ಡೆ ಯಾರಿಗೂ ಬೇಡ. ಪಾರ್ಲರ್‌ನವರು ಹಚ್ಚುವ ಮುಂಚೆ ಇದನ್ನು ಕೇಳಲೇಬೇಕು.

ಬಾಯಿ ವಾರೆಯಾದಾಗ

ಈ ಲೇಖನದಲ್ಲಿ ಒಂದೇ ಪ್ಯಾರಾ ಓದ್ತೀರಿ ಅಂದ್ರೆ ಇದನ್ನು ಓದಿ. ನಮ್ಮ ಕಡೆ ‘ಕರೆಂಟ್ ಕೊಟ್ಟರೆ ಬಾಯಿ ನೆಟ್ಟಗಾಗುತ್ತೆ’ ಅನ್ನೋ ನಂಬಿಕೆ ಗಟ್ಟಿ. ಮನೆಯಲ್ಲೇ ಯಂತ್ರ ಇದ್ದರೆ, ಬೆಳಿಗ್ಗೆ ಎದ್ದಾಗ ಅವ್ವನ ಬಾಯಿ ಒಂದು ಕಡೆ ಜೋತಿದ್ದರೆ, ಮೊದಲು ಅದನ್ನೇ ಹಚ್ಚಿ ನೋಡೋಣ ಅನ್ನಿಸೋದು ಸಹಜ. ದಯವಿಟ್ಟು ಬೇಡ. ಅದು ಬರೀ ಮುಖದ ನರದ ತೊಂದರೆ, ಅಂದ್ರೆ ಬೆಲ್ಸ್ ಪಾಲ್ಸಿ ಆಗಿದ್ದರೆ ಮೊದಲ 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾಗಬೇಕು. ಹೆಚ್ಚಿನವರು ಗುಣವಾಗ್ತಾರೆ. ಕರೆಂಟಿನಿಂದ ಹೆಚ್ಚುವರಿ ಲಾಭ ಇದೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ ಅಂತ 2011ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಅದು ಮಿದುಳಿನ ಪಾರ್ಶ್ವವಾಯು ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರೋದು ಸುಮಾರು ನಾಲ್ಕೂವರೆ ಗಂಟೆ ಮಾತ್ರ. ಗಜೇಂದ್ರಗಡದಿಂದ ಗದಗ ತಲುಪಲೇ ಗಂಟೆಯ ದಾರಿ. ಯಾವುದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನಿಸೋದು ಬೇಡ. 108ಕ್ಕೆ ಫೋನ್ ಮಾಡಿ, ಹೊರಡಿ.

ಇನ್ನು ದುಡ್ಡು ಮತ್ತು ಕಾನೂನು. ಹೆಸರುವಾಸಿ ಅಮೆರಿಕನ್ ಯಂತ್ರಗಳಲ್ಲಿ ದೊಡ್ಡ ಮಾದರಿಯ ಬೆಲೆ 300 ಡಾಲರ್ ದಾಟುತ್ತೆ, ನಮ್ಮ ಲೆಕ್ಕದಲ್ಲಿ 25 ಸಾವಿರ ರೂಪಾಯಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. ಅಂದ್ರೆ ಎಪ್ಪತ್ತು ದಿನಕ್ಕೂ ಹೆಚ್ಚು ಮಣ್ಣು ಹೊತ್ತ ಕೂಲಿ. ಅದಕ್ಕೇ ಹೆಸರಿಲ್ಲದ ಅಗ್ಗದ ಮಾಲು ಇಲ್ಲಿಗೆ ಬರೋದು.

ಅಮೆರಿಕದಲ್ಲಿ ಎಫ್‌ಡಿಎ ಇವನ್ನು ಸೌಂದರ್ಯ ಬಳಕೆಯ ವಿದ್ಯುತ್ ಪ್ರಚೋದಕಗಳು ಅಂತ ವರ್ಗ ಮಾಡಿ, ಮಾರುವ ಮುಂಚೆ ಅನುಮತಿ ಕೇಳುತ್ತೆ. ಆ ಅನುಮತಿಯ ಅರ್ಥ ಈಗಾಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದು ಯಂತ್ರಕ್ಕೆ ಇದು ಸರಿಸಮ ಅನ್ನೋದು. ಹೊಸ ಔಷಧಿಗೆ ಕೊಡುವ ಒಪ್ಪಿಗೆಯಂಥದ್ದಲ್ಲ. ಇಲ್ಲಿನ ಜಾಹೀರಾತಲ್ಲಿ ಎರಡೂ ಒಂದೇ ಆಗಿಬಿಡುತ್ತೆ, ‘ಎಫ್‌ಡಿಎ ಒಪ್ಪಿದೆ’.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯಡಿ ಬಂದಿವೆ. ಅಧಿಸೂಚನೆಯ ವ್ಯಾಖ್ಯೆ ರೋಗದ ಚಿಕಿತ್ಸೆಗೆ ನಿಲ್ಲಲ್ಲ. ದೇಹರಚನೆಯನ್ನು ಅಥವಾ ದೇಹದ ಕ್ರಿಯೆಯನ್ನು ಬದಲಿಸುವ, ಬೆಂಬಲಿಸುವ ಉದ್ದೇಶದ ಸಾಧನಗಳನ್ನೂ ಅದು ಒಳಗೆ ತರುತ್ತೆ. ಈಗ ಜಾಹೀರಾತನ್ನು ಪಕ್ಕಕ್ಕಿಟ್ಟು ಓದಿ: ಸ್ನಾಯು ಬಲವಾಗುತ್ತೆ, ಕೊಲ್ಯಾಜೆನ್ ಹೆಚ್ಚುತ್ತೆ, ಜೀವಕೋಶದ ಇಂಧನ ಏರುತ್ತೆ. ಇದೆಲ್ಲ ನಿಜವಾದರೆ ಯಂತ್ರ ದೇಹದ ಕ್ರಿಯೆ ಬದಲಿಸುತ್ತಿದೆ, ಹಾಗಾದರೆ ವೈದ್ಯಕೀಯ ಸಾಧನದ ಪರವಾನಗಿ ತೋರಿಸಬೇಕು. ನಿಜವಲ್ಲದಿದ್ದರೆ ಅದು ದಾರಿತಪ್ಪಿಸುವ ಜಾಹೀರಾತು. ಮಾರುವವರು ‘ಇದು ಬರೀ ಬ್ಯೂಟಿ ಪ್ರಾಡಕ್ಟ್’ ಅಂತ ಈ ಎರಡರ ನಡುವೆ ತೂರಿಕೊಳ್ಳುತ್ತಿದ್ದಾರೆ. ಆ ಸಂದಿ ಮುಚ್ಚಬೇಕು ಅನ್ನೋದು ನನ್ನ ವಾದ. ಅದನ್ನು ಮುಚ್ಚಬೇಕಾದ್ದು ಕೇಂದ್ರ ಆರೋಗ್ಯ ಇಲಾಖೆ, ಕೊಳ್ಳುವ ಹುಡುಗಿ ಅಲ್ಲ.

ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ‘ಬೆಟರ್‌ಮೆಂಟ್ ಲೆವಿ’ ಹೇರಿದಾಗ, ಆಗದ ಅಭಿವೃದ್ಧಿಗೆ ಕರ ಯಾಕೆ ಅಂತ 1980ರಲ್ಲಿ ಕೇಳಿದ್ದು ಇದೇ ನರಗುಂದ. ಅಲ್ಲಿ ಜೀವಗಳು ಹೋದವು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಪ್ರಶ್ನೆಯ ಧಾಟಿ ಅದೇ.

ಮುಖ ಮುಪ್ಪಾಗೋದನ್ನು ನಿಜಕ್ಕೂ ತಡೆಯೋದು ಯಾವುದು ಅಂತ ಕೇಳ್ತೀರಿ. ಬಿಸಿಲನ್ನು ತಡೆಯೋದು. 2012ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದು 28 ವರ್ಷ ಟ್ರಕ್ ಓಡಿಸಿದವನ ಫೋಟೊ ಹಾಕಿತ್ತು: ಕಿಟಕಿ ಕಡೆಯ ಎಡಗೆನ್ನೆ ಸುಕ್ಕುಗಟ್ಟಿ ಜೋತಿದೆ, ಬಲಗೆನ್ನೆ ಹತ್ತಾರು ವರ್ಷ ಚಿಕ್ಕದು. ಆಸ್ಟ್ರೇಲಿಯಾದಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ನಡೆದ ಪರೀಕ್ಷೆಯಲ್ಲಿ ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆ ಇತ್ತು. ರೋಣದ ಎರಿ ಹೊಲದಲ್ಲಿ ಉಳ್ಳಾಗಡ್ಡಿ ಕೀಳುವ ಹೆಂಗಸರು ತಲೆ, ಕೆನ್ನೆ ಸುತ್ತಿ ಸೆರಗು ಕಟ್ಟಿಕೊಳ್ಳೋದು ಇದೇ ವಿಜ್ಞಾನ. ಅದಕ್ಕೆ ಯಾರೂ ಇಎಂಐ ಕೊಡಲ್ಲ.

ಈಗಾಗಲೇ ತಗೊಂಡು ಮೋಸ ಅನ್ನಿಸಿದ್ದರೆ ಬಿಲ್, ಪೆಟ್ಟಿಗೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೊದಲು ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯಲ್ಲಿ ಸ್ವೀಕೃತಿ, ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಗದಗ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. ಗಡುವು ಎರಡು ವರ್ಷ.