ನಮ್ಮೂರ ಕೆರೆ ಮರುಭೂಮಿಯಾದ ಬಗೆ



ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ರಾಯಚೂರಿನ ನಮ್ಮ ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದಳು. ಅವಳು ಚಿತ್ರಕಲೆ ಕಲಿಯುತ್ತಿರುವ ಹುಡುಗಿ. ಹಳೆಯ ಹಾಜರಿ ಪುಸ್ತಕ, ವರ್ಗಾವಣೆ ಆದೇಶ, ಬೀಳ್ಕೊಡುಗೆಯ ಮಾನಪತ್ರಗಳ ನಡುವೆ ಅವಳಿಗೆ ಅಂಗೈಗಿಂತ ಚಿಕ್ಕದಾದ ಒಂದು ಕಪ್ಪು-ಬಿಳುಪು ಛಾಯಾಚಿತ್ರ ಸಿಕ್ಕಿತು. ಬಿಳಿಚಿದ ಆಕಾಶ, ಬಿಳಿಚಿದ ನೆಲ, ಸಾಲುಸಾಲು ಮಣ್ಣಿನ ಗುಡ್ಡೆಗಳು, ಒಂದು ಒಣ ಜಾಲಿಗಿಡ. "ತಾತಾ, ಇದು ರಾಜಸ್ಥಾನವಾ? ಎಂಥ ಚೆಂದದ ಮರುಭೂಮಿ!" ಎಂದಳು. ನಾನು ಏನೋ ಓದುತ್ತಿದ್ದೆ. ತಲೆಯೆತ್ತದೆ "ನೋಡು, ನೋಡು" ಎಂದುಬಿಟ್ಟೆ. ಆ ಉದಾಸೀನಕ್ಕೆ ತೆತ್ತ ಬೆಲೆಯೇ ಈ ಲೇಖನ.

ಮೂರು ದಿನಗಳ ನಂತರ ಅವಳು ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು. ಕೇಸರಿ ಬಣ್ಣದ ಆಕಾಶ. ಅದರಲ್ಲಿ ತಾಮ್ರದ ತಟ್ಟೆಯಂಥ ದೊಡ್ಡ ಚಂದ್ರ. ಮಣ್ಣಿನ ಗುಡ್ಡೆಗಳು ಅಲೆಯಲೆಯಾದ ಮರಳದಿಬ್ಬಗಳಾಗಿದ್ದವು. ಬಲಗಡೆಯ ಅಂಚಿನಲ್ಲಿ ಒಂದು ಒಂಟೆ ನೀಲಿ ನೆರಳನ್ನು ಚೆಲ್ಲುತ್ತ ನಿಂತಿತ್ತು. ಕಣ್ಣಿಗೆ ನಿಜಕ್ಕೂ ಸೊಗಸು. ಮೆಚ್ಚಿ ಮಾತಾಡಲು ಬಾಯಿ ತೆರೆದವನು ಒಂಟೆಯನ್ನು ಕಂಡು ತಡೆದೆ.

"ಇಲ್ಲಿ ಒಬ್ಬ ಹೆಂಗಸು ಇದ್ದಳಲ್ಲ?" ಎಂದು ಕೇಳಿದೆ.

"ಹೌದು ತಾತ, ತಲೆ ಮೇಲೆ ಬುಟ್ಟಿ ಹೊತ್ತಿದ್ದಳು. ಹಿಂದೆ ದೂರದಲ್ಲಿ ಇನ್ನೂ ಕೆಲವರು ಚುಕ್ಕೆಗಳ ಹಾಗೆ ಇದ್ದರು. ಮರುಭೂಮಿಯಲ್ಲಿ ಬುಟ್ಟಿ ಹೊತ್ತವರು ಯಾಕಿರ್ತಾರೆ ಅಂತ ತೆಗೆದುಹಾಕಿದೆ."

ಆ ಹೆಂಗಸು ನನ್ನ ಅವ್ವ.

ನಾನು ಸಿಟ್ಟಾದೆ. ನಿಮ್ಮಲ್ಲಿ ಅನೇಕರಿಗೆ ನನ್ನ ಸಿಟ್ಟಿನ ಪರಿಚಯವಿದೆ. ಅದನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಎದ್ದುಹೋದಳು. ಆ ರಾತ್ರಿ ನಿದ್ದೆ ಬಾರದೆ ಆ ಚಿತ್ರದ ಚರಿತ್ರೆಯನ್ನೇ ಯೋಚಿಸುತ್ತ ಕುಳಿತೆ.

ಮೊದಲು ಆ ಸ್ಥಳದ ಮಾತು. ಅದು ಮರುಭೂಮಿಯಲ್ಲ, ದೇವದುರ್ಗ ತಾಲೂಕಿನ ನಮ್ಮೂರ ಹೊರಗಿನ ಕೆರೆಯಂಗಳ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆಂದು ನಾನೇ ನಿಮಗೆ ಪಾಠ ಮಾಡಿದ್ದೆ. ಕೃಷ್ಣಾ-ತುಂಗಭದ್ರೆಯರ ನಡುವಿನ ನಮ್ಮ ರಾಯಚೂರು ದೋಆಬಿನಲ್ಲಿ ಸರಾಸರಿ 600 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಆದರೆ ಸರಾಸರಿಯೆಂಬುದು ಪುಸ್ತಕದ ಮಾತು. ಮಳೆ ಅದನ್ನು ಓದಿಲ್ಲ. 1972ರಲ್ಲಿ ಮಳೆ ಕೈಕೊಟ್ಟಿತು. ನೆರೆಯ ಮಹಾರಾಷ್ಟ್ರವೂ ಆ ಬರದಲ್ಲಿ ಬೆಂದುಹೋಯಿತು. ಊರೂರುಗಳಲ್ಲಿ ಕೆರೆ ಹೂಳೆತ್ತುವ, ರಸ್ತೆಗೆ ಕಲ್ಲೊಡೆಯುವ ಬರಗಾಲದ ಕೆಲಸಗಳು ನಡೆದವು. ನಾನು ಆಗಷ್ಟೇ ಮಾಸ್ತರನಾಗಿದ್ದೆ. ನನ್ನ ಮೊದಲ ಸಂಬಳ ಇನ್ನೂ ಮಂಜೂರಾಗಿರಲಿಲ್ಲ. ಮನೆಯಲ್ಲಿ ಐದು ಹೊಟ್ಟೆಗಳು. ಅವ್ವ ಯಾರಿಗೂ ಹೇಳದೆ ಕೆರೆಯ ಕೆಲಸಕ್ಕೆ ಹೆಸರು ಬರೆಸಿದಳು.

ನನ್ನ ಸಹೋದ್ಯೋಗಿಯೊಬ್ಬರ ಬಳಿ ಆ ಕಾಲದಲ್ಲಿ ಹೆಸರಾಗಿದ್ದ ಅಗ್ಫಾ ಕ್ಲಿಕ್-3 ಕ್ಯಾಮೆರಾ ಇತ್ತು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಬರದ ಸ್ಥಿತಿಯನ್ನು ಯಾವುದೋ ಪತ್ರಿಕೆಗೆ ಬರೆಯಬೇಕೆಂದು ಅವರು ನನ್ನ ಜೊತೆ ಕೆರೆಗೆ ಬಂದರು. ಅವರು ಗುಂಡಿ ಒತ್ತಿದ ಕ್ಷಣಕ್ಕೆ ಸರಿಯಾಗಿ ಬಲಗಡೆಯಿಂದ ಅವ್ವ ಬುಟ್ಟಿ ಹೊತ್ತು ಚೌಕಟ್ಟಿನೊಳಗೆ ನಡೆದುಬಂದಳು. ಆಕೆ ನನ್ನ ತಾಯಿಯೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಮುದ್ರಿತ ಪ್ರತಿಯಲ್ಲಿ ಅವ್ವ ಕಿರುಬೆರಳಿನ ಒಂದು ಗೆಣ್ಣಿನಷ್ಟು, ಅವಳ ಮುಖ ಒಂದು ಜೋಳದ ಕಾಳಿನಷ್ಟು. ಉರಿಬಿಸಿಲಿನಲ್ಲಿ ನಮ್ಮ ಮಸಾರಿ ನೆಲ ಆ ಫಿಲ್ಮಿನ ಮೇಲೆ ಮರಳಿನ ಹಾಗೆ ಬೆಳ್ಳಗೆ ಬಿದ್ದಿತ್ತು. ಮೊಮ್ಮಗಳಿಗೆ ಮರುಭೂಮಿಯಾಗಿ ಕಂಡದ್ದು ಇದೇ.

ಇನ್ನು ಚಿತ್ರವನ್ನು ತಿದ್ದುವ ವಿದ್ಯೆಯ ಚರಿತ್ರೆ. ಕಂಪ್ಯೂಟರ್ ಬಂದಮೇಲೆ ಛಾಯಾಚಿತ್ರ ಸುಳ್ಳು ಹೇಳಲು ಕಲಿಯಿತೆಂದು ನನ್ನ ವಯಸ್ಸಿನವರು ಗೊಣಗುತ್ತೇವೆ. ಇದು ಸರಿಯಲ್ಲ. ಛಾಯಾಚಿತ್ರಣವನ್ನು ಜಗತ್ತಿಗೆ ಪ್ರಕಟಿಸಿದ್ದು 1839ರಲ್ಲಿ. ಇಪ್ಪತ್ತು ವರ್ಷವೂ ತುಂಬುವ ಮೊದಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೆ ಎಂಬಾತ ಸಮುದ್ರವನ್ನು ಒಂದು ನೆಗೆಟಿವಿನಿಂದ, ಮೋಡಗಳನ್ನು ಇನ್ನೊಂದರಿಂದ ತೆಗೆದು ಒಂದೇ ಚಿತ್ರದಲ್ಲಿ ಕೂಡಿಸಿದ. ಆ ಕಾಲದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಅತಿಯಾಗಿ ತಾಗುತ್ತಿದ್ದುದರಿಂದ ನೀರು ಸರಿಯಾಗಿ ಮೂಡಿದರೆ ಆಕಾಶ ಬರಿದೇ ಬಿಳಿಯಾಗುತ್ತಿತ್ತು. ಮೊಮ್ಮಗಳು ನಮ್ಮ ಬಿಳಿ ಆಕಾಶಕ್ಕೆ ಕೇಸರಿ ಬಳಿದದ್ದು ಈ ಹಳೆಯ ಉಪಾಯದ ಮರಿಮಗಳು.

ನಮ್ಮ ಸೀಮೆಯೂ ಹಿಂದೆ ಬಿದ್ದಿರಲಿಲ್ಲ. ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844-1905). ಆ ಯುಗದಲ್ಲಿ ಛಾಯಾಚಿತ್ರದ ಮೇಲೆ ಕುಂಚದಿಂದ ಬಣ್ಣ ಹಾಕುವ ಕಲೆ ನಮ್ಮ ದೇಶದಲ್ಲಿ ತುಂಬ ಬೆಳೆಯಿತು. ಯಂತ್ರ ಮುಖವನ್ನು ಕೊಡುತ್ತಿತ್ತು. ಮುತ್ತಿನ ಸರ, ಜರಿಯಂಚು, ರತ್ನಗಂಬಳಿಗಳನ್ನು ಕಲಾವಿದ ಕೊಡುತ್ತಿದ್ದ.

ಅರಮನೆಯ ಈ ಕಲೆ ಜಾತ್ರೆಗಳಿಗೂ ಇಳಿದುಬಂತು. ಮಾನ್ವಿಯ ಶಾಲೆಯಲ್ಲಿ ನಾನಿದ್ದಾಗ ಜಾತ್ರೆಗೆ ಬರುತ್ತಿದ್ದ ಫೋಟೋದವನ ಡೇರೆ ಕೆಲವರಿಗಾದರೂ ನೆನಪಿರಬಹುದು. ಅವನ ಪರದೆಯ ಮೇಲೆ ಜಲಪಾತ, ತಾವರೆಕೊಳ, ಹಸಿರು ಬೆಟ್ಟ. ನೆತ್ತಿ ಸುಡುವ ಬಿಸಿಲಲ್ಲಿ ಸರದಿ ನಿಂತು, ಎಂದೂ ನೋಡದ ಜಲಪಾತದ ಮುಂದೆ ನೀವೆಲ್ಲ ಗಂಭೀರವಾಗಿ ಫೋಟೋ ತೆಗೆಸಿಕೊಂಡವರು. ನೀರಿಲ್ಲದವರು ಚಿತ್ರದಲ್ಲಿ ನೀರನ್ನು ಬಯಸಿದರು. ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಬೆಳೆದ ಹುಡುಗಿ ಚಿತ್ರದಲ್ಲಿ ಮರುಭೂಮಿಯನ್ನು ಬಯಸಿದಳು. ಇದರಲ್ಲಿ ಯಾರ ತಪ್ಪನ್ನು ಹುಡುಕುವುದು?

ಆದರೆ ಸುದ್ದಿಯ ಚಿತ್ರಕ್ಕೂ ಕಲೆಯ ಚಿತ್ರಕ್ಕೂ ನಡುವೆ ಒಂದು ಗೆರೆಯಿದೆ. ಅಮೆರಿಕದಲ್ಲಿ ಬರ ಬಿದ್ದಿದ್ದ 1936ರಲ್ಲಿ ಸರ್ಕಾರದ ಛಾಯಾಗ್ರಾಹಕ ಆರ್ಥರ್ ರಾಥ್‌ಸ್ಟೀನ್ ಸೌತ್ ಡಕೋಟದಲ್ಲಿ ಎತ್ತಿನ ಒಂದು ತಲೆಬುರುಡೆಯನ್ನು ಕೆಲವು ಅಡಿ ಸರಿಸಿ, ಬಿರುಕುಬಿಟ್ಟ ನೆಲದ ಮೇಲಿಟ್ಟು ಚಿತ್ರ ತೆಗೆದ. ವಿರೋಧ ಪಕ್ಷದ ಪತ್ರಿಕೆಗಳು ಅದನ್ನೇ ಹಿಡಿದು ಬರವೇ ಸುಳ್ಳೆಂಬಂತೆ ಕೂಗೆಬ್ಬಿಸಿದವು. ಬುರುಡೆ ಸರಿದದ್ದು ಕೆಲವು ಅಡಿ. ಆದರೆ ಜನರ ನಂಬಿಕೆಯೂ ಸರಿಯಿತು.

ಗಣಕಯಂತ್ರದ ಕಾಲದ ಮೊದಲ ದೊಡ್ಡ ವಿವಾದವೂ ಮರುಭೂಮಿಯ ಚಿತ್ರದ್ದೇ ಎಂಬುದು ಸೋಜಿಗ. 1982ರ ಫೆಬ್ರುವರಿಯ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಮುಖಪುಟದಲ್ಲಿ ಈಜಿಪ್ಟಿನ ಗೀಜಾ ಪಿರಮಿಡ್ಡುಗಳು, ಮುಂದೆ ಒಂಟೆಗಳ ಸಾಲು. ಮೂಲಚಿತ್ರ ಅಡ್ಡ, ಮುಖಪುಟವೋ ಉದ್ದ. ಚಿತ್ರ ಹಿಡಿಸಲೆಂದು ಒಂದು ಪಿರಮಿಡ್ಡನ್ನು ಇನ್ನೊಂದರ ಹತ್ತಿರಕ್ಕೆ ಎಳೆದರು. ನಾಲ್ಕೂವರೆ ಸಾವಿರ ವರ್ಷ ಕದಲದಿದ್ದ ಕಲ್ಲಿನ ರಾಶಿ ಪತ್ರಿಕೆಯ ಅಳತೆಗೆ ಕದಲಿತು!

ಇದು ಹೇಗೆ ಸಾಧ್ಯವೆಂದು ಮರುದಿನ ಮೊಮ್ಮಗಳನ್ನು ಸಮಾಧಾನಪಡಿಸಿ, ಪಕ್ಕದಲ್ಲಿ ಕುಳಿತು ಕಲಿತೆ. ಕಂಪ್ಯೂಟರಿಗೆ ಚಿತ್ರವೆಂದರೆ ಒಂದು ಗ್ರಾಫ್ ಹಾಳೆ. ಪ್ರತಿ ಚೌಕಕ್ಕೂ, ಅಂದರೆ ಪಿಕ್ಸೆಲ್ಲಿಗೂ, ಒಂದು ಸಂಖ್ಯೆ. ಕಪ್ಪು-ಬಿಳುಪು ಚಿತ್ರದಲ್ಲಿ ಸಾಮಾನ್ಯವಾಗಿ ಕಪ್ಪಿಗೆ 0, ಬಿಳಿಗೆ 255, ನಡುವೆ ಬೂದಿಯ ಛಾಯೆಗಳು. 1957ರಲ್ಲಿ ರಸೆಲ್ ಕರ್ಶ್ ಎಂಬ ವಿಜ್ಞಾನಿ ತನ್ನ ಹಸುಗೂಸಿನ ಭಾವಚಿತ್ರವನ್ನು ಉದ್ದಕ್ಕೆ 176, ಅಗಲಕ್ಕೆ 176 ಚೌಕಗಳಾಗಿ ಕಂಪ್ಯೂಟರಿಗೆ ಉಣಿಸಿದ. ಸ್ಕ್ಯಾನ್ ಆದ ಮೊದಲ ಛಾಯಾಚಿತ್ರ ಅದೇ. ಚಿತ್ರ ಸಂಖ್ಯೆಯಾದ ಮೇಲೆ ತಿದ್ದುವುದು ಲೆಕ್ಕ ಮಾಡಿದಷ್ಟೇ ಸುಲಭ. 1990ರಲ್ಲಿ ಫೋಟೋಶಾಪ್ ಬಂದು ಈ ವಿದ್ಯೆ ಮೇಜಿನ ಮೇಲಿನ ಕಂಪ್ಯೂಟರಿಗೂ ದೊರೆಯಿತು. ಈಗಂತೂ "ಇಲ್ಲೊಂದು ಒಂಟೆ ಬೇಕು" ಎಂದು ಬರೆದರೆ ಸಾಕು, ಒಂಟೆ ಬಂದು ನಿಲ್ಲುತ್ತದೆ.

ಮೊಮ್ಮಗಳು ನಮ್ಮ ನೆಲದ ಬೂದಿಬಣ್ಣಕ್ಕೆ ಕೇಸರಿಯ ಛಾಯೆಗಳನ್ನು ಹೊಂದಿಸಿದ್ದಳು. ಗುಡ್ಡೆಗಳನ್ನು ಹಿಗ್ಗಿಸಿ ಬಳುಕಿಸಿದ್ದಳು. ಪಕ್ಕದ ಮಣ್ಣಿನ ಚೂರುಗಳನ್ನು ನಕಲಿಸಿ ಜನರ ಮೇಲೆ ಮುಚ್ಚಿದ್ದಳು. ಅಂದರೆ ಅವ್ವನನ್ನು ಮುಚ್ಚಿದ್ದೂ ಅವಳೇ ಅಗೆದು ಹೊತ್ತ ಮಣ್ಣಿನಿಂದ.

ಆಗ ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು: "ತಾತ, ಮುತ್ತಜ್ಜಿಯ ಫೋಟೋ ಚಿಕ್ಕಂದಿನಿಂದ ಈ ಗೋಡೆ ಮೇಲೆ ನೋಡ್ತಿದ್ದೀನಿ. ಅವರೇ ಇವರು ಅಂತ ನನಗೆ ಯಾಕೆ ಗೊತ್ತಾಗಲಿಲ್ಲ?"

ನಾನು ಗೋಡೆಯತ್ತ ನೋಡಿದೆ. ಆ ಪ್ರಶ್ನೆಗೆ ಉತ್ತರ ಅಲ್ಲೇ ತೂಗುತ್ತಿತ್ತು.

ಅವ್ವ 1981ರಲ್ಲಿ ತೀರಿಕೊಂಡಳು. ಅವಳದೆಂದು ಬೇರೊಂದು ಫೋಟೋ ಇರಲಿಲ್ಲ. ಹನ್ನೊಂದನೆಯ ದಿನಕ್ಕೆ ಭಾವಚಿತ್ರ ಬೇಕಿತ್ತು. ಸಹೋದ್ಯೋಗಿಯಿಂದ ನೆಗೆಟಿವ್ ಪಡೆದು ಪೇಟೆಯ ಒಂದು ಸ್ಟುಡಿಯೋಕ್ಕೆ ಒಯ್ದೆ. ಜೋಳದ ಕಾಳಿನಷ್ಟಿದ್ದ ಮುಖವನ್ನು ಹಿಗ್ಗಿಸಿದಾಗ ಅದು ಮಂಜಿನಂತಾಯಿತು. ಅದರ ಮೇಲೆ ಕುಂಚದಲ್ಲಿ ಬರೆಯಬೇಕಾಯಿತು. ಕಲಾವಿದರು ಕೇಳಿದರು: "ಮಾಸ್ತರೇ, ತಲೀ ಮ್ಯಾಲಿನ ಬುಟ್ಟಿ ಹೆಂಗ ಮಾಡ್ಲಿ?" ನಾನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಬುಟ್ಟಿ ಬ್ಯಾಡ. ಸೆರಗ ಹಾಕ್ರಿ. ಮೂಗಿಗೆ ನತ್ತು, ಕೊರಳಾಗ ಸರ ಹಾಕ್ರಿ." ಮೈಬಣ್ಣವನ್ನೂ ಒಂದಿಷ್ಟು ತಿಳಿಯಾಗಿಸಲು ಹೇಳಿದೆ. ಅವ್ವ ಬದುಕಿನಲ್ಲಿ ಎಂದೂ ನತ್ತು ತೊಟ್ಟವಳಲ್ಲ. ನೆಗೆಟಿವನ್ನು ಹಿಂದಕ್ಕೆ ಪಡೆಯಲೂ ಇಲ್ಲ. ಬರಗಾಲದ ಕೂಲಿಯ ಗುರುತು ಮನೆಗೆ ಬರುವುದು ನನಗೆ ಬೇಡವಾಗಿತ್ತು.

ಮೊಮ್ಮಗಳು ಚೆಲುವಿಗಾಗಿ ಅಳಿಸಿದಳು, ಅದೂ ತಿಳಿಯದೆ. ನಾನು ನಾಚಿಕೆಗಾಗಿ ಅಳಿಸಿದೆ, ತಿಳಿದೂ ತಿಳಿದೂ. ನನ್ನ ಅಳಿಸುವಿಕೆಯಿಂದಲೇ ಅವಳಿಗೆ ತನ್ನ ಮುತ್ತಜ್ಜಿಯ ಗುರುತು ಸಿಗಲಿಲ್ಲ. ಇದನ್ನು ಅವಳಿಗೆ ಹೇಳಿದೆ. ನನ್ನ ಮಕ್ಕಳಿಗೂ ಈವರೆಗೆ ಹೇಳಿರಲಿಲ್ಲ. ಈಗ ನಿಮಗೆಲ್ಲ ಹೇಳುತ್ತಿದ್ದೇನೆ.

ರಾಯಚೂರು ಕೋಟೆಗೆ ನಿಮ್ಮನ್ನು ಕರೆದೊಯ್ದಾಗ ತೋರಿಸಿದ್ದ ಆ ಭಾರಿ ಚಪ್ಪಡಿ ನೆನಪಿದೆಯೇ? ಸುಮಾರು 41 ಅಡಿ ಉದ್ದದ ಆ ಕಲ್ಲಿನ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿ ಉಂಟು. ಆದರೆ ನನಗೆ ಇಂದು ದೊಡ್ಡದಾಗಿ ಕಾಣುವುದು ಅಲ್ಲಿ ಕೊರೆದಿರುವ ಚಿತ್ರ: ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ, ಕೋಣಗಳ ಉದ್ದ ಸಾಲು ಹೂಡಿ, ಗಾಲಿಗೆ ಸನಿಕೆ ಕೊಟ್ಟು ಆಳುಗಳು ನೂಕುತ್ತಿರುವ ನೋಟ. ಕೋಟೆ ಕಟ್ಟಿಸಿದವರು ತಮ್ಮ ಕಲ್ಲಿನ ಮೇಲೆ ದುಡಿದವರ ಬೆವರಿಗೆ ಜಾಗ ಕೊಟ್ಟರು. ಇತಿಹಾಸ ಕಲಿಸಿದ ಮಾಸ್ತರನು ತನ್ನ ತಾಯಿಯ ಬುಟ್ಟಿಗೆ ಕೊಡಲಿಲ್ಲ.

ನನ್ನ ಮಾತು ಮುಗಿದ ಮೇಲೆ ಹುಡುಗಿ ಸುಮ್ಮನೆ ಪರದೆಯ ಮೇಲೊಂದು ಗುಂಡಿ ಒತ್ತಿದಳು. ಒಂಟೆ ಮಾಯವಾಯಿತು. ಇನ್ನೊಂದು ಒತ್ತಿದಳು, ಮರಳು ಮಾಯವಾಯಿತು. ಅವ್ವ ಬುಟ್ಟಿ ಹೊತ್ತು ಮತ್ತೆ ನಡೆದುಬಂದಳು. ಅವಳು ಎಲ್ಲವನ್ನೂ ಬೇರೆ ಬೇರೆ ಲೇಯರುಗಳಲ್ಲಿ, ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಹಾಸಿದ ಹಾಗೆ, ಮಾಡಿದ್ದಳು. ಮೂಲಚಿತ್ರ ಅಡಿಯಲ್ಲಿ ಹಾಗೆಯೇ ಇತ್ತು. ನನ್ನ ಕುಂಚದ ಕೆಲಸಕ್ಕೆ ಅಂಥ ಅನುಕೂಲವಿರಲಿಲ್ಲ.

ಅವಳು ಆ ಕಲಾಕೃತಿಯನ್ನು ಹಾಳುಮಾಡುವುದು ಬೇಡವೆಂದೆ. ಅದು ಅವಳ ಕಲ್ಪನೆ, ಚೆಲುವಾಗಿದೆ. ಆದರೆ ಅದರ ಕೆಳಗೆ ಅವಳೇ ಒಂದು ಸಾಲು ಸೇರಿಸಿದಳು: "ದೇವದುರ್ಗ ತಾಲೂಕಿನ ಕೆರೆ ಕಾಮಗಾರಿಯ 1972ರ ಚಿತ್ರವನ್ನು ಆಧರಿಸಿದ ಕಲ್ಪನೆ." ಮೂಲಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಬಣ್ಣದ ಭಾವಚಿತ್ರದ ಪಕ್ಕದಲ್ಲೇ ತೂಗುಹಾಕಿದ್ದೇವೆ. ನತ್ತಿನ ಅವ್ವ ಒಂದು ಕಡೆ, ಬುಟ್ಟಿಯ ಅವ್ವ ಒಂದು ಕಡೆ. ಬಂದವರು ಇಬ್ಬರು ಯಾರೆಂದು ಕೇಳುತ್ತಾರೆ. ಒಬ್ಬಳೇ ಎಂದು ಹೇಳುತ್ತೇನೆ.

ನಾರಾಯಣಪುರ ಬಲದಂಡೆ ಕಾಲುವೆ ಬಂದಮೇಲೆ ನಮ್ಮೂರ ಕಡೆ ಈಗ ಭತ್ತದ ಹಸಿರು. ಆ ಬಿಳಿ ನೆಲ ಅಲ್ಲಿತ್ತೆಂದು ಇಂದಿನ ಮಕ್ಕಳು ನಂಬಲಾರರು. ಅದಕ್ಕೇ ಈ ಕೊನೆಯ ಮನೆಗೆಲಸ. ನಿಮ್ಮ ಮನೆಯ ಟ್ರಂಕುಗಳನ್ನು ಇಳಿಸಿರಿ. ಪ್ರತಿ ಫೋಟೋದ ಬೆನ್ನಿಗೆ ಪೆನ್ಸಿಲಿನಿಂದ ಹಗುರಾಗಿ ಊರು, ವರ್ಷ, ಇದ್ದವರ ಹೆಸರು ಬರೆಯಿರಿ. ಸ್ಕ್ಯಾನ್ ಮಾಡಿದ ಮೂಲಪ್ರತಿಯನ್ನು ಮುಟ್ಟದೆ ಇಟ್ಟು, ತಿದ್ದುವುದೇನಿದ್ದರೂ ನಕಲಿನ ಮೇಲೆ ತಿದ್ದಿರಿ. ಅಂಚಿನಲ್ಲಿ ಯಾರಾದರೂ ಬುಟ್ಟಿ ಹೊತ್ತು ನಿಂತಿದ್ದರೆ, ಅವರು ಯಾರೆಂದು ಹಿರಿಯರನ್ನು ಒಮ್ಮೆ ಕೇಳಿರಿ. ಹಿರಿಯರು ಪುಸ್ತಕದಿಂದ ತಲೆಯೆತ್ತದಿದ್ದರೆ ಇನ್ನೊಮ್ಮೆ ಕೇಳಿರಿ.